ಎರಡನೇ ಚಿಗುರು ಬರುವ ಮುನ್ನ

"ರೀ! ಇಳೀರಿ ಕೆಳಗೆ! ಸೈರನ್ ಕೇಳಿಸಲಿಲ್ವಾ?"

ಕಲ್ಲು ಕ್ವಾರಿಯ ಅಂಚಿನಲ್ಲಿ ಮಂಡಿಯೂರಿ ಕೂತಿದ್ದವಳು ತಲೆ ಎತ್ತಲಿಲ್ಲ. ಸೈರನ್ ಕೇಳಿಸಿತ್ತು... ಚೆನ್ನಾಗಿಯೇ ಕೇಳಿಸಿತ್ತು. ಆದರೆ ಬಂಡೆಯ ಬಿರುಕಿನಲ್ಲಿ ಬೆಳೆದಿದ್ದ ಆ ಕಾಡು ಅತ್ತಿಮರದ ಒಂದೇ ಒಂದು ಬೇರು ಇನ್ನೂ ಕಲ್ಲನ್ನು ಕಚ್ಚಿ ಹಿಡಿದಿತ್ತು.

ಮೊಣಕಾಲೆತ್ತರದ ಮರ. ವಯಸ್ಸು ಮಾತ್ರ ಅವಳಿಗಿಂತ ಹೆಚ್ಚು! ಗಾಳಿಗೂ ಬಿಸಿಲಿಗೂ ತಿರುಚಿಕೊಂಡ ಇಂಥ ಕಾಂಡ ಸಿಕ್ಕರೆ ಸಾಕೆಂದು ಬೋನ್ಸಾಯ್ ಮಾಡುವವರು ಜನ್ಮವಿಡೀ ಹುಡುಕುತ್ತಾರೆ. ಇವಳಿಗೆ ಸಿಕ್ಕಿತ್ತು. ಸಿಕ್ಕ ಜಾಗ ಮಾತ್ರ ಇನ್ನು ಸ್ವಲ್ಪ ಹೊತ್ತಿನಲ್ಲಿ ಪುಡಿಪುಡಿಯಾಗುವುದಿತ್ತು.

ಕೆಳಗಿನಿಂದ ಕೂಗಿದವನು ಏದುಸಿರು ಬಿಡುತ್ತಾ ಮೇಲೆ ಹತ್ತಿ ಬಂದ. ತಲೆಗೆ ಹೆಲ್ಮೆಟ್, ರೆಪ್ಪೆಯ ಮೇಲೆಲ್ಲ ಕಲ್ಲಿನ ಧೂಳು. ಬಂಡೆಗೆ ಮದ್ದು ತುಂಬಿ ಸಿಡಿಸುವ ಕೆಲಸ ಅವನದು. ಅಲ್ಲಿ ಎಲ್ಲರೂ ಕರೆಯುತ್ತಿದ್ದುದು ಮೇಸ್ತ್ರಿ ಅಂತಲೇ.

"ತಲೆ ಕೆಟ್ಟಿದೆಯಾ ನಿಮಗೆ? ಕೆಳಗೆ ಮದ್ದು ತುಂಬಿಟ್ಟಿದೀನಿ!"

"ಮಾಲೀಕರನ್ನ ಕೇಳಿಯೇ ಬಂದಿದೀನಿ. ಒಂದು ಬೇರು ಬಾಕಿ ಇದೆ."

"ಜೀವಕ್ಕಿಂತ ಬೇರು ಹೆಚ್ಚಾ?"

"ಇದಕ್ಕೂ ಜೀವ ಇದೆ!"

ಅವನು ಅವಳನ್ನು ದುರುಗುಟ್ಟಿಕೊಂಡು ನೋಡಿದ. ಆಮೇಲೆ ಕೆಳಗಿದ್ದವರಿಗೆ ಕೈಯೆತ್ತಿ ಕೂಗಿದ. "ತಡೀರೋ! ನಾನು ಬರೋವರೆಗೆ ಯಾರೂ ಸ್ವಿಚ್ ಮುಟ್ಟಬೇಡಿ!"

ಬಗ್ಗಿದವನೇ ಬೇರಿಗೆ ಕೈ ಹಾಕಿ ಎಳೆಯಹೋದ. ಅವಳು ಚೀರಿ ಅವನ ಮಣಿಕಟ್ಟು ಹಿಡಿದುಕೊಂಡಳು.

"ಎಳೀಬೇಡಿ! ಸೀಳಿಹೋಗುತ್ತೆ..."

ಇಬ್ಬರೂ ಒಂದು ಕ್ಷಣ ಆ ಕೈಗಳನ್ನೇ ನೋಡಿದರು. ಅವಳು ಥಟ್ಟನೆ ಬಿಟ್ಟಳು.

ಅವನು ಅವಳ ಉಳಿ, ಸುತ್ತಿಗೆ ತಗೊಂಡ. ಇಡೀ ಗುಡ್ಡವನ್ನೇ ಹಾರಿಸುವ ಮನುಷ್ಯ ಬೇರಿನ ಸುತ್ತಲಿನ ಕಲ್ಲನ್ನು ಚೂರುಚೂರಾಗಿ ಕೆತ್ತಿ ತೆಗೆದ. ಅವಳು ಗರಗಸದಿಂದ ಬೇರನ್ನು ನೀಟಾಗಿ ಕತ್ತರಿಸಿದಳು. ಬಿಳಿ ಸೊನೆ ಒಸರಿತು. ಒದ್ದೆ ಗೋಣಿಚೀಲದಲ್ಲಿ ಸುತ್ತಿದ ಮರವನ್ನು ಅವನೇ ಹೊತ್ತು ಇಳಿಸಿದ.

ಅವಳನ್ನೂ ಮರೆಗೆ ಕರೆದೊಯ್ದು ಅವನು ಸ್ವಿಚ್ ಒತ್ತಿದಾಗ ನೆಲ ನಡುಗಿತು. ಧೂಳು ಇಳಿದ ಮೇಲೆ ನೋಡಿದರೆ ಅವಳು ಕೂತಿದ್ದ ಜಾಗವೇ ಇರಲಿಲ್ಲ! ಅವಳು ಗೋಣಿಚೀಲದ ಮರವನ್ನು ಹತ್ತಿರಕ್ಕೆಳೆದುಕೊಂಡಳು. ಅವನು ನೀರಿನ ಬಾಟಲಿ ಮುಂದೆ ಹಿಡಿದ.

ಮುಂದಿನ ರಜೆಯ ದಿನ ಅವನು ಮಾಲೀಕರಿಂದ ವಿಳಾಸ ಕೇಳಿಕೊಂಡು ಅವಳ ಮನೆಯ ತಾರಸಿಯಲ್ಲಿ ಪ್ರತ್ಯಕ್ಷನಾದ.

"ಅಯ್ಯೋ! ಅಷ್ಟು ಕಷ್ಟಪಟ್ಟು ತಂದಿದ್ದು... ಕೊಂಬೆಯನ್ನೆಲ್ಲ ಕತ್ತರಿಸಿಬಿಟ್ರಾ?"

"ಬೇರು ಕಡಿಮೆ ಆಗಿದೆಯಲ್ಲ ಮೇಸ್ತ್ರಿ, ಅಷ್ಟೊಂದು ಕೊಂಬೆಗೆ ನೀರು ಎಲ್ಲಿಂದ ತರುತ್ತೆ?"

"ಕಳ್ಳನ ಥರ ಕಟ್ಟಿ ಹಾಕಿದೀರಾ ಬೇರೆ!"

ಮರಳು ತುಂಬಿದ ಪೆಟ್ಟಿಗೆಗೆ ಮರವನ್ನು ತಂತಿಯಿಂದ ಬಿಗಿದಿದ್ದಳು. "ಅಲುಗಾಡಿದ್ರೆ ಹೊಸ ಬೇರು ಮುರಿದುಹೋಗುತ್ತೆ. ಈಗ ಇದನ್ನ ಮುಟ್ಟಲೇಬಾರದು. ಕುಂಡ, ಆಕಾರ ಎಲ್ಲ ಆಮೇಲಿನ ಮಾತು. ಮೊದಲು ಬದುಕಬೇಕು."

ಅವಳನ್ನು ಸಾಕಿದ ಚಿಕ್ಕಮ್ಮ ಟೀ ತಂದಿಡುತ್ತಾ ನಕ್ಕಳು. "ಮರಕ್ಕೆ ಮಾಡೋ ಆರೈಕೆಯಲ್ಲಿ ಅರ್ಧ ನನಗೆ ಮಾಡಿದ್ರೆ ನಾನೂ ಚಿಗುರ್ತಿದ್ದೆ ಕಣಪ್ಪಾ!"

ಅಂದಿನಿಂದ ಪ್ರತಿ ರಜೆಗೂ ಅವನು ಬಂದ. ಮರವನ್ನು ನೋಡುವ ನೆಪ... ಆದರೆ ಕಣ್ಣು ಇರುತ್ತಿದ್ದುದು ಇನ್ನೆಲ್ಲೋ. ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವಳಂತೆ ತಂತಿ ಬಿಗಿಮಾಡುತ್ತಿದ್ದಳು.

ಒಂದು ಬೆಳಿಗ್ಗೆ ಬೋಳು ಕಾಂಡದ ತುಂಬ ಹಸಿರು ಚಿಗುರು!

"ಬದುಕಿತು! ನಮ್ಮ ಮರ ಬದುಕಿತು!" ಅವನು ಮಗುವಿನಂತೆ ಕುಣಿದುಬಿಟ್ಟ. ಅದೇ ಸಂಭ್ರಮದಲ್ಲಿ ಅವಳ ಕಡೆ ತಿರುಗಿದ. "ನೀವಂದ್ರೆ ನನಗೆ ತುಂಬ ಇಷ್ಟ. ನನ್ನ ಮದುವೆ ಆಗ್ತೀರಾ?"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಇಂಥ ಮಾತು ಅವಳು ಹಿಂದೆಯೂ ಕೇಳಿದ್ದಳು. ಆಗ ಮದುವೆಯೂ ನಿಶ್ಚಯವಾಗಿತ್ತು. ಹಗಲಿರುಳು ಫೋನಿನಲ್ಲಿ ಜೇನು ಸುರಿಸಿದ ಗಂಡು, ಕೊನೆಗೆ ಒಂದು ಮೆಸೇಜ್ ಕಳಿಸಿ ಕೈ ತೊಳೆದುಕೊಂಡಿದ್ದ. ಮತ್ತೆ ಹಾಗಾದರೆ?

"ಮೇಸ್ತ್ರಿ... ಮೊದಲ ಚಿಗುರನ್ನ ನಂಬಬಾರದು. ಇದು ಕಾಂಡದಲ್ಲಿ ಉಳಿದಿದ್ದ ಶಕ್ತಿಯಿಂದ ಬಂದಿರೋದು. ಕೆಳಗೆ ಬೇರೇ ಇಲ್ಲದೆ ಇರಬಹುದು. ಎರಡನೇ ಸಲ ಚಿಗುರಿದ್ರೆ ಮಾತ್ರ ಬದುಕಿದೆ ಅಂತ." ಅವಳು ಅವನತ್ತ ನೋಡದೆ ತಂತಿ ಬಿಗಿಮಾಡಿದಳು. "ನಿಮ್ಮ ಮಾತೂ ಹಾಗೇ ಇರಬಹುದು. ಎರಡನೇ ಚಿಗುರು ಬರಲಿ... ಆಮೇಲೆ ಹೇಳ್ತೀನಿ."

ಅವನ ಮುಖದ ನಗು ಆರಿತು. "ಸರಿ," ಎಂದಷ್ಟೇ ಹೇಳಿ ಮೆಟ್ಟಿಲಿಳಿದ.

ಮುಂದಿನ ರಜೆಗೆ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನೂ ಇಲ್ಲ.

'ನೋಡಿದೆಯಾ? ಒಣಗೇ ಹೋಯಿತು!' ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಸರಿಯಾಗಿ ಊಹಿಸಿದ್ದಕ್ಕೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮೆಟ್ಟಿಲಲ್ಲಿ ಸದ್ದಾದರೆ ಕೈಲಿದ್ದ ಕತ್ತರಿ ಬೀಳುತ್ತಿತ್ತು.

ಇತ್ತ ಮರದ ಎಲೆಗಳೂ ಬಾಡತೊಡಗಿದವು. ಒಂದೊಂದೇ ಉದುರಿ ಕಾಂಡ ಮತ್ತೆ ಬೋಳಾಯಿತು. ಬೇರು ಹಿಡಿದಿದೆಯೋ ಇಲ್ಲವೋ? ಒಮ್ಮೆ ಅಲುಗಿಸಿ ನೋಡಿಬಿಡಲೇ? ಕೈ ಕಾಂಡದವರೆಗೆ ಹೋಯಿತು... ತನ್ನ ಕೈಯನ್ನೇ ತಾನು ಗದರಿಸಿ ಹಿಂದಕ್ಕೆಳೆದುಕೊಂಡಳು.

ಆ ಹೊತ್ತಿಗೆ ಚಿಕ್ಕಮ್ಮ ಸುದ್ದಿ ತಂದಳು.

"ಕ್ವಾರಿ ಕೆಲಸ ಮುಗೀತಂತೆ. ನಿನ್ನ ಮೇಸ್ತ್ರಿ ಎಲ್ಲೋ ದೂರದ ಸುರಂಗದ ಕೆಲಸಕ್ಕೆ ಒಪ್ಪಿಕೊಂಡಿದಾನೆ. ವರ್ಷಗಟ್ಟಲೆ ಬರಲ್ಲವಂತೆ. ಇವತ್ತೇ ಹೊರಡ್ತಾನೆ."

"ಹೋಗಲಿ ಬಿಡು! ನನಗೇನು?"

"ಕೈಗೆ ಬಂದ ತುತ್ತನ್ನ ಬಾಯಿಗಿಡೋಕೂ ನಿನಗೆ ಮುಹೂರ್ತ ಬೇಕೇನೇ?"

"ಎರಡನೇ ಚಿಗುರು ಬಂದಿಲ್ಲ ಚಿಕ್ಕಮ್ಮಾ..."

"ಅದು ಮರದ ವಿಷಯ! ನಿನ್ನ ಮನಸ್ಸಿನ ವಿಷಯ ಆ ಕಡ್ಡೀನ ಯಾಕೆ ಕೇಳ್ತೀಯಾ?"

ಅವಳು ಬೋಳು ಕಾಂಡವನ್ನು ನೋಡಿದಳು. ಒಂದು ಮೊಗ್ಗೂ ಇರಲಿಲ್ಲ. ಇವತ್ತು ಬರುವ ಲಕ್ಷಣವೂ ಇರಲಿಲ್ಲ. ಕೈಗಂಟಿದ ಮರಳನ್ನೂ ಒರೆಸಿಕೊಳ್ಳದೆ ಸ್ಕೂಟರ್ ಹತ್ತಿದಳು.

ಕ್ವಾರಿಯ ಗೇಟಿನಲ್ಲಿ ಲಾರಿ ಹೊರಡಲು ಸಿದ್ಧವಾಗಿತ್ತು. ಅವನು ಹಾಸಿಗೆ ಸುತ್ತಿ ಮೇಲೆಸೆಯುತ್ತಿದ್ದ. ಅವಳನ್ನು ಕಂಡು ಅಲ್ಲೇ ನಿಂತುಬಿಟ್ಟ.

"ಚಿಗುರಿತಾ?" ಪಿಸುಗುಟ್ಟಿದಂತೆ ಕೇಳಿದ.

"ಇಲ್ಲ! ಇದ್ದ ಎಲೆಯೂ ಉದುರಿಹೋಯ್ತು. ನೀವೂ ಹಾಗೇ ಉದುರಿಹೋದ್ರಿ!" ತಡೆದಿಟ್ಟ ಅಳು ಒಡೆಯಿತು. "ಒಂದು ಸಲ ಬರೋಕಾಗಲಿಲ್ವಾ? ಒಂದು ಫೋನ್?"

"ನೀವು ಹೂಂ ಅನ್ನಲಿಲ್ಲ... ಊಹೂಂ ಅಂತಲೂ ಅನ್ನಲಿಲ್ಲ." ಅವನು ನೆಲ ನೋಡಿದ. "ನಮ್ಮ ಕೆಲಸದಲ್ಲಿ ಒಂದು ಮಾತಿದೆ. ಹಚ್ಚಿದ ಮದ್ದು ಸಿಡಿಯದೆ ಸುಮ್ಮನಿದ್ರೆ, ಅದರ ಹತ್ತಿರ ಹೋಗಬಾರದು. ದೂರ ನಿಂತು ಕಾಯಬೇಕು. ಅವಸರಕ್ಕೆ ಹೋದವರು ಕೈಕಾಲು ಕಳ್ಕೊಂಡಿದಾರೆ. ಅದಕ್ಕೇ ಕಾದೆ. ಎಷ್ಟು ಕಾದ್ರೂ ಸದ್ದೇ ಇಲ್ಲ... ನಿಮಗೆ ನಾನು ಬೇಡ ಅಂದ್ಕೊಂಡು ಈ ಕೆಲಸ ಹಿಡಿದೆ."

ಅವಳು ಕಣ್ಣರಳಿಸಿ ನೋಡಿದಳು.

"ಅಂದ್ರೆ... ನಾನು ಸಿಡಿಮದ್ದಾ?!"

"ಮತ್ತೆ ನಾನು ಮರಾನಾ?"

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಅವನ ಕಣ್ಣೂ ತುಂಬಿತ್ತು. ಲಾರಿ ಡ್ರೈವರ್ ಹಾರ್ನ್ ಬಾರಿಸಿದ.

"ಮರ ಬದುಕುತ್ತೋ ಇಲ್ವೋ ನನಗೆ ಗೊತ್ತಿಲ್ಲ. ನೀವು ನಾಳೆ ಬದಲಾಗ್ತೀರೋ ಏನೋ, ಅದೂ ಗೊತ್ತಿಲ್ಲ." ಅವಳು ಉಸಿರು ಬಿಗಿಹಿಡಿದಳು. "ಭಯ ಆಗ್ತಿದೆ. ಆದ್ರೂ ಬಂದಿದೀನಿ. ಹೋಗಬೇಡಿ..."

ಅವನು ಲಾರಿಯ ಮೇಲೆ ಹತ್ತಿ ಹಾಸಿಗೆಯನ್ನು ಕೆಳಕ್ಕೆ ಎಸೆದು ತಾನೂ ಧುಮುಕಿದ. ಡ್ರೈವರ್ ಬೈಯುತ್ತಾ ಗಾಡಿ ಬಿಟ್ಟುಕೊಂಡು ಹೋದ. ಧೂಳಿನ ನಡುವೆ ಅವರಿಬ್ಬರೇ ಉಳಿದರು.

"ಹೂಂ," ಅಂದಳು ಅವಳು.

"ಏನು ಹೂಂ?"

"ಅವತ್ತು ಕೇಳಿದ್ರಲ್ಲಾ... ಅದಕ್ಕೆ."

"ಇನ್ನೊಂದ್ಸಲ ಹೇಳಿ."

"ಹೂಂ ಅಂದ್ನಲ್ಲ! ಎಷ್ಟು ಸಲ ಹೇಳಬೇಕು?"

ಅವನು ಮೆಲ್ಲಗೆ ಅವಳ ಮರಳು ಮೆತ್ತಿದ ಕೈ ಹಿಡಿದುಕೊಂಡ. "ದಿನಾ ಒಂದ್ಸಲ. ನಾನು ಕೇಳ್ದೇ ಇದ್ರೂ."