ಕುಂಕುಮ ಹಚ್ಚಿದ ಡಿಸ್ಕು

2024ರ ನವೆಂಬರ್ 19, ಮಂಗಳವಾರ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಅಂಬುಜಮ್ಮ ಬಳ್ಳಾರಿಯ ಠಾಣೆಯ ಮೆಟ್ಟಿಲು ಹತ್ತಿದಾಗ ಹೆಡ್ ಕಾನ್‌ಸ್ಟೆಬಲ್ ಪಂಪಣ್ಣ ಆಗಷ್ಟೇ ಚಹಾದ ಲೋಟ ಕೈಗೆತ್ತಿಕೊಂಡಿದ್ದ. ಆ ಚಹಾ ಹಾಗೇ ಆರಿಹೋಯಿತು.

"ನಮ್ಮನಿಯವರು ಬೆಳಿಗ್ಗೆ ಆರಕ್ಕ ಹೋದವರು ಬಂದಿಲ್ರೀ," ಎಂದು ಆಕೆ ಒಂದು ಚೀಟಿ ಮೇಜಿನ ಮೇಲಿಟ್ಟರು.

ಚೀಟಿಯಲ್ಲಿ ನಾಲ್ಕು ಸಾಲು. 'ನಾನು ಕಳ್ಳತನ ಮಾಡಿದ್ದೇನೆ. ಪೊಲೀಸರು ಮನೆ ಬಾಗಿಲಿಗೆ ಬರುವುದನ್ನು ನೋಡಲಾರೆ. ನಿನ್ನದೇನೂ ತಪ್ಪಿಲ್ಲ. ಜಯತೀರ್ಥ.'

ಪಂಪಣ್ಣ ಚೀಟಿ ಹಿಡಿದು ಎದ್ದು ನಿಂತ. ಹೋದ ವರ್ಷ ಇದೇ ಮೇಜಿನ ಮುಂದೆ ಇನ್ನೊಬ್ಬ ಹೆಣ್ಣುಮಗಳು ಹೀಗೇ ನಿಂತಿದ್ದಳು. "ಸಂಜಿಗೆ ಬರ್ತಾರ ಬಿಡವ್ವಾ," ಎಂದು ಇವನೇ ಸಮಾಧಾನ ಹೇಳಿ ಕಳಿಸಿದ್ದ. ಮೂರನೇ ದಿನ ಅವಳ ಗಂಡನನ್ನು ಕಾಲುವೆಯಿಂದ ಎಳೆದು ದಂಡೆಗೆ ಹಾಕಿದ್ದೂ ಇವನೇ. ಆ ಹೆಣ್ಣುಮಗಳು ಬೈದಿದ್ದರೂ ತಡೆದುಕೊಳ್ಳುತ್ತಿದ್ದನೇನೋ, ಆಕೆ ಒಂದು ಮಾತೂ ಆಡಿರಲಿಲ್ಲ. ಅಂದಿನಿಂದ ಕಾಣೆಯಾದವರ ದೂರು ಬಂದರೆ ಅವನಿಗೆ ಅನ್ನ ಸೇರುವುದಿಲ್ಲ.

ಇನ್ಸ್‌ಪೆಕ್ಟರ್ ಭೀಮರಾಜ ಕುರ್ಚಿ ಎಳೆದುಕೊಂಡು ಕೂತರು.

"ಏನು ಉದ್ಯೋಗ?"

"ಗಾಂಧಿನಗರದಾಗ ಅಂಗಡಿ ಅದರೀ. ಜೀನ್ಸ್ ಪ್ಯಾಂಟಿನ ಜೇಬಿನ ಮ್ಯಾಲೆ ಮಷಿನ್ನು ಹೂವು ಹೊಲೀತದಲ್ಲ, ಅದರ ಡಿಸೈನು ಕಂಪ್ಯೂಟರ್‌ನಾಗ ಮಾಡಿಕೊಡ್ತಾರ."

"ಏನು ಕದ್ದಾರ?"

"ಅವರು ಕದಿಯೋದೇನ್ರೀ? ಪಕ್ಕದ ಮನಿ ತುಳಸಿ ಬೇಕಂದ್ರೂ ಕೇಳೇ ಕೀಳ್ತಾರ."

ಆಕೆ ಅಂಗಡಿಯ ಮೊಬೈಲ್ ತಂದಿದ್ದರು. ಹಿಂದಿನ ಸಂಜೆ ಅದಕ್ಕೆ ವಾಟ್ಸಾಪಿನಲ್ಲಿ ಒಂದು ನೋಟಿಸ್ ಬಂದಿತ್ತು. ಮೇಲೆ ಸಿಂಹದ ಮುದ್ರೆ, ಕೆಳಗೆ 'ವಿಚಾರಣಾಧಿಕಾರಿ' ಎಂಬ ಸಹಿ. ನೀವು ಬಳಸುತ್ತಿರುವುದು ಸಾಫ್ಟ್‌ವೇರ್‌ನ ಕಳ್ಳ ಪ್ರತಿ, ಕೃತಿಸ್ವಾಮ್ಯ ಕಾಯ್ದೆಯ ಕಲಂ 63-ಬಿ, ಮೂರು ವರ್ಷದವರೆಗೆ ಜೈಲು, ವಾರಂಟ್ ಸಿದ್ಧವಾಗಿದೆ, ಮಂಗಳವಾರ ಬರುತ್ತೇವೆ. ಹನ್ನೊಂದು ಅಂಕಿಯ ಲೈಸೆನ್ಸ್ ನಂಬರೂ ಅದರಲ್ಲಿತ್ತು.

ಕಂಪ್ಯೂಟರ್ ಕೆಲಸ ನೋಡುವ ಕಾನ್‌ಸ್ಟೆಬಲ್ ರಾಧಾ ಎರಡು ಸಲ ಓದಿದಳು. "ಖೊಟ್ಟಿ ನೋಟಿಸ್ ಸರ್. ಆದ್ರ ರೊಕ್ಕ ಕೇಳಿಲ್ಲ, ಲಿಂಕ್ ಒತ್ರಿ ಅಂದಿಲ್ಲ. ಬರೇ ಹೆದರಿಸ್ಯಾರ."

ಬರೀ ಹೆದರಿಸಲಿಕ್ಕೆ ಯಾರಾದರೂ ಇಷ್ಟು ಕಷ್ಟಪಡುತ್ತಾರೆಯೇ? ಪಂಪಣ್ಣನಿಗೆ ಇದು ಹಣದ ಮೋಸಕ್ಕಿಂತ ಕೆಟ್ಟದ್ದಾಗಿ ಕಂಡಿತು. ಹತ್ತು ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಸರ್ಕಾರಿ ನೌಕರನ ಸೋಗು, ಬೆದರಿಕೆ, ಖೊಟ್ಟಿ ದಾಖಲೆ. ಜಯತೀರ್ಥರ ಮೊಬೈಲ್ ಎಲ್ಲಿದೆ ಎಂದು ತಿಳಿಸುವಂತೆ ಫೋನ್ ಕಂಪನಿಗೆ ಕೋರಿಕೆ ಹೋಯಿತು.

ಹನ್ನೊಂದಕ್ಕೆ ಮನೆಯಲ್ಲಿ ಪಂಚನಾಮೆ. ಪಕ್ಕದ ಮನೆಯ ಇಬ್ಬರು ಪಂಚರು.

"ಸಾಫ್ಟ್‌ವೇರ್ ಖರೀದಿ ಮಾಡಿದ್ದೋ, ಇಲ್ಲೋ?" ಭೀಮರಾಜ ಕೇಳಿದರು.

"ಮಾಡಿದ್ದರೀ. ಹನ್ನೊಂದು ವರ್ಷ ಆತು. ಡಿಸ್ಕು ದೇವರ ಮನಿಯಾಗ ಅದ."

ದೇವರ ಪೆಟ್ಟಿಗೆಯ ಪಕ್ಕ, ಕೆಂಪು ವಸ್ತ್ರದಲ್ಲಿ ಸುತ್ತಿ ಇಟ್ಟಿದ್ದರು. ಬಿಚ್ಚಿ ನೋಡಿದರೆ ಡಿಸ್ಕಿನ ಎರಡೂ ಮೈಗೆ ಗಂಧ, ಕುಂಕುಮ, ಒಣಗಿದ ಅಕ್ಷತೆ. ಪ್ರತಿ ಆಯುಧ ಪೂಜೆಗೆ ಒಂದು ಪದರ, ಹನ್ನೊಂದು ವರ್ಷದ ಭಕ್ತಿ! ರಾಧಾ ನಗು ಬಂದರೂ ತುಟಿ ಕಚ್ಚಿ ಹಿಡಿದಳು.

"ದೀಪಾವಳಿ ಆದಮ್ಯಾಲೆ ಕಂಪ್ಯೂಟರ್ ಕೆಟ್ತು. ಮತ್ತ ಹಾಕಬೇಕಂದ್ರ ಈ ಡಿಸ್ಕು ಓದಲೇ ಇಲ್ಲ," ಎಂದರು ಅಂಬುಜಮ್ಮ. "ಅದರ ಡಬ್ಬಿ, ರಸೀದಿ ಮನಿ ಬದಲಿಸಿದಾಗ ಹೋದವು. ಆಮ್ಯಾಲೆ ಯಾರೋ ಪೆನ್‌ಡ್ರೈವಿನಾಗ ಹಾಕಿಕೊಟ್ರಂತ. ಯಾರು ಅಂತ ನನಗೂ ಹೇಳಲಿಲ್ಲ." ಒಂದು ಕ್ಷಣ ಡಿಸ್ಕನ್ನೇ ನೋಡಿದರು. "ನಾ ಕುಂಕುಮ ಹಚ್ಚಿದ್ದಕ್ಕ ಕೆಟ್ತೇನ್ರೀ ಇದು?"

ಕೇಳುತ್ತಲೇ ಉತ್ತರ ಹೊಳೆದು ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಪಂಪಣ್ಣ ಡಿಸ್ಕನ್ನು ಬೆಳಕಿಗೆ ಹಿಡಿದ. ಮೇಲೆ ಅಚ್ಚಾಗಿದ್ದ ಲೈಸೆನ್ಸ್ ನಂಬರ್ ಗಂಧ ತಿಕ್ಕಿ ತಿಕ್ಕಿ ಅಳಿಸಿತ್ತು. ಮೊದಲ ಮೂರು ಅಂಕಿ ಮಾತ್ರ ಕಾಣುತ್ತಿದ್ದವು.

"ಸರ್, ಮನಿಯವರಿಗೇ ಈ ನಂಬರ್ ಗೊತ್ತಿಲ್ಲ. ನೋಟಿಸ್ ಬರದಾವಗ ಪೂರಾ ಗೊತ್ತೈತಿ."

"ಯಾರಿಗೆ ಗೊತ್ತಿರತೈತಿ?"

"ಮಾರಿದ ಕಂಪನಿಗೆ. ಇಲ್ಲಾಂದ್ರ ತಂದು ಹಾಕಿಕೊಟ್ಟಾವಗ."

ಕಂಪನಿಯನ್ನು ಹುಡುಕಿ ಕೇಳುವ ಕೆಲಸ ರಾಧಾಳ ಪಾಲಿಗೆ ಬಂತು. ಅಷ್ಟರಲ್ಲಿ ಹನ್ನೊಂದು ಐವತ್ತಕ್ಕೆ ಫೋನ್ ಕಂಪನಿಯ ಉತ್ತರ ಬಂತು. ಜಯತೀರ್ಥರ ಮೊಬೈಲ್ ಬೆಳಿಗ್ಗೆ ಏಳು ಐವತ್ತಕ್ಕೆ ಕುರುಗೋಡಿನಲ್ಲಿ ಬಂದ್ ಆಗಿತ್ತು.

ಕುರುಗೋಡು ಎಂದ ಕೂಡಲೇ ಪಂಪಣ್ಣನಿಗೆ ಆ ಊರಾಚೆಯ ಕಾಲುವೆ ನೆನಪಾಯಿತು. ಜೀಪಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ, ನಾಲ್ಕು ತಾಸು ಆತಲ್ಲೋ ತಂದೆ, ನಾಲ್ಕು ತಾಸು, ಎಂದು ಲೆಕ್ಕ ಹಾಕುತ್ತಿದ್ದ.

ಬಸ್ ನಿಲ್ದಾಣದಲ್ಲಿ ಯಾರೂ ನೋಡಿರಲಿಲ್ಲ. ಊರಾಚೆ ಕಾಲುವೆಯ ಸೇತುವೆ ಹತ್ತಿರ ಮಿರ್ಚಿ ಕರಿಯುತ್ತಿದ್ದ ಚಿನ್ನಪ್ಪ ಫೋಟೋ ನೋಡಿ ತಲೆಯಾಡಿಸಿದ.

"ನೋಡೀನ್ರೀ. ಸೇತುವಿ ಮ್ಯಾಲೆ ಬಾಳ ಹೊತ್ತು ನಿಂತಿದ್ರು."

ಪಂಪಣ್ಣ ಒಂದು ಹೆಜ್ಜೆ ಮುಂದೆ ಬಂದ. "ಆಮ್ಯಾಲೆ?"

"ಏನೋ ಸಣ್ಣದು ನೀರಾಗ ಒಗದ್ರು."

"ಆಮ್ಯಾಲೋ?"

"ಗುಡಿ ಕಡಿ ಹೋದ್ರು. ಯಾಕ್ರೀ, ಏನಾತು?"

ಪಂಪಣ್ಣ ಓಡಿದ. ಐವತ್ಮೂರರ ವಯಸ್ಸು, ಹೊಟ್ಟೆ ಬೇರೆ ಬಂದಿದೆ, ಆದರೂ ಓಡಿದ. ಬಸವೇಶ್ವರ ಗುಡಿಯೊಳಗೆ, ದೊಡ್ಡ ಬಸವಣ್ಣನ ಹಿಂದಿನ ಗೋಡೆಗೆ ಒರಗಿ ಒಬ್ಬರು ಮೊಣಕಾಲು ತಬ್ಬಿಕೊಂಡು ಕೂತಿದ್ದರು. ಫೋಟೋದಲ್ಲಿದ್ದ ಹಣೆಯ ಅಂಗಾರ, ಕೆನ್ನೆಯ ಮುದ್ರೆ ಎಲ್ಲವನ್ನೂ ತೊಳೆದುಕೊಂಡಿದ್ದರು. ಮಾಧ್ವ ಆಚಾರ್ಯರ ಮನೆತನದವರನ್ನು ಮಠದಲ್ಲಿ ಹುಡುಕುತ್ತಾರೆಯೇ ಹೊರತು ಈ ಬಸವಣ್ಣನ ಗುಡಿಯಲ್ಲಿ ಯಾರು ಹುಡುಕುತ್ತಾರೆ? ಖಾಕಿ ಕಂಡದ್ದೇ ಎರಡೂ ಕೈ ಮುಂದೆ ಚಾಚಿದರು.

"ಬೇಡಿ ಹಾಕ್ರಿ. ಮನಿ ಮುಂದ ಮಾತ್ರ ಕರಕೊಂಡು ಹೋಗಬ್ಯಾಡ್ರಿ."

ಪಂಪಣ್ಣ ಆ ಕೈಗಳನ್ನು ಹಿಡಿದು ಅಲ್ಲೇ ಕುಸಿದು ಕೂತ. ಬೆಚ್ಚಗಿದ್ದವು. ಕಣ್ಣಲ್ಲಿ ನೀರು ಬಂದದ್ದಕ್ಕೆ ಅವನಿಗೆ ನಾಚಿಕೆಯೂ ಆಗಲಿಲ್ಲ. ಒಂದು ಮೂವತ್ತೈದು ಎಂದು ಸಮಯ ಬರೆದುಕೊಂಡ.

"ನೀರಾಗ ಏನು ಒಗದ್ರಿ?"

"ಪೆನ್‌ಡ್ರೈವು."

"ಯಾಕ?"

"ಅದರ ಮ್ಯಾಲೆ ಕೊಟ್ಟವನ ಹೆಸರಿತ್ತು."

"ಯಾರವನು?"

"ಹೇಳಂಗಿಲ್ಲ. ನನ್ನ ಒಬ್ಬನ್ನೇ ಒಳಗ ಹಾಕ್ರಿ. ಅವನಿಗೆ ಸಣ್ಣ ಮಕ್ಕಳು ಅವ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಈ ಪುಣ್ಯಾತ್ಮ ಕದಿಯದೇ ಹೆಗಲು ಮುಟ್ಟಿಕೊಂಡಿದ್ದರು.

ಹೊರಗೆ ಬಂದಾಗ ರಾಧಾಳ ಫೋನ್. ಬೆಂಗಳೂರಿನ ಕಂಪನಿ ಉತ್ತರ ಕೊಟ್ಟಿತ್ತು. ಲೈಸೆನ್ಸ್ ಜಯತೀರ್ಥರ ಹೆಸರಿನಲ್ಲೇ ಇದೆ, ನಂಬರ್ ಅದೇ, ತಾವು ಯಾರಿಗೂ ನೋಟಿಸ್ ಕಳಿಸಿಲ್ಲ. ಆಗ ಹಾಕಿಕೊಟ್ಟವನು ಸಿರುಗುಪ್ಪದ ಏಜೆಂಟ್ ಅಮರೇಶ, ಈಗ ಅವನು ತಮ್ಮಲ್ಲಿಲ್ಲ. ಪಂಪಣ್ಣ ಆ ಹೆಸರನ್ನು ಜಯತೀರ್ಥರ ಮುಂದೆ ಎತ್ತಲಿಲ್ಲ. ಅವರನ್ನು ಬೇರೆ ಗಾಡಿಯಲ್ಲಿ ಹೆಂಡತಿಯ ಬಳಿಗೆ ಕಳಿಸಿದ.

ಭೀಮರಾಜ ಸರ್ಕಾರಿ ವಕೀಲರಿಗೆ ಫೋನ್ ಹಚ್ಚಿದರು. ಅವರು ಹೇಳಿದ್ದಿಷ್ಟು: ಖರೀದಿ ಮಾಡಿದವನು ತನ್ನದೇ ಡಿಸ್ಕಿನಿಂದ, ಹಾಳಾದೀತೆಂಬ ಮುಂಜಾಗ್ರತೆಗೆ ಪ್ರತಿ ಮಾಡಿಟ್ಟುಕೊಳ್ಳಲು ಕಾಯ್ದೆಯ ಕಲಂ 52ರಲ್ಲೇ ಅವಕಾಶವಿದೆ. ಬೇರೆಯವರ ಡಿಸ್ಕಿನಿಂದ ತಂದಿದ್ದರೆ ಅಷ್ಟು ಸಲೀಸಲ್ಲ, ಕಂಪನಿಯನ್ನು ಕೇಳಬೇಕಾಗುತ್ತದೆ. ಆದ್ದರಿಂದ ಆ ಪ್ರತಿ ಯಾವ ಡಿಸ್ಕಿನದು ಎಂಬುದೇ ಮುಖ್ಯ.

ನಾಲ್ಕು ಹದಿನೈದಕ್ಕೆ ಜೀಪು ಸಿರುಗುಪ್ಪದಲ್ಲಿ ಅಮರೇಶನ ಅಂಗಡಿ ಮುಂದೆ ನಿಂತಿತು. ಮೂಲತಃ ದೇಶನೂರಿನವನು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಸ್ಕ್ರೂಡ್ರೈವರ್. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಪೊಲೀಸರನ್ನು ಕಂಡದ್ದೇ ಎದ್ದು ನಿಂತ. ಕೈಯಲ್ಲಿದ್ದ ಮೊಬೈಲನ್ನು ಕೆಳಗಿಡಲಿಲ್ಲ.

"ನೋಟಿಸ್ ಕಳಿಸಿದವ ನೀನಾ?"

ಅವನು ಮೊಬೈಲನ್ನು ಒಮ್ಮೆ ನೋಡಿಕೊಂಡ. "ಹೌದ್ರೀ."

ಹಲಗೆಯ ಮೇಲಿದ್ದ ಡಬ್ಬಿಯಲ್ಲಿ ನಲವತ್ತು ಡಿಸ್ಕುಗಳು, ಒಂದೊಂದರ ಮೇಲೂ ಗಿರಾಕಿಯ ಹೆಸರು. ಪಂಪಣ್ಣ ಒಂದನ್ನು ಎತ್ತಿದ. 'ಜಯತೀರ್ಥ ಸರ್, ಗಾಂಧಿನಗರ, 2013', ಕೆಳಗೆ ಹನ್ನೊಂದು ಅಂಕಿ.

"ಇದು ಯಾವುದರ ಕಾಪಿ?"

"ಅವರ ಡಿಸ್ಕಿಂದೇ ಸರ್. ನಮ್ಮ ಕಡಿ ಮಂದಿ ಡಿಸ್ಕಿಗೂ ಕುಂಕುಮ ಹಚ್ಚತಾರ. ಅದಕ್ಕ ಹಾಕಿದ ದಿನಾನೇ ಅವರನ್ನ ಕೇಳಿ ಒಂದು ಕಾಪಿ ಮಾಡಿ ಇಟ್ಟಿರ್ತೀನಿ. ಅವರು ಮರತಿರ್ತಾರ."

"ಪೆನ್‌ಡ್ರೈವ್ ಕೊಡೋವಾಗ ಅದನ್ನ ಯಾಕ ಹೇಳಲಿಲ್ಲ?"

"ಹೇಳಿದ್ರ ಹೆದರ್ತಿದ್ದಿಲ್ಲಲ್ರೀ. ಯಾರಿಗೂ ಹೇಳಬ್ಯಾಡ್ರಿ ಅಂತಷ್ಟ ಅಂದೆ."

ಪಂಪಣ್ಣ ಹೊರಗೆ ಬಂದು ರಾಧಾಳಿಗೆ ಫೋನ್ ಮಾಡಿದ. ಜಯತೀರ್ಥರಿಗೆ ತಿಳಿಸು, ಅದು ಅವರದೇ ಡಿಸ್ಕಿನ ಪ್ರತಿ, ಅವರು ಕಳ್ಳರಲ್ಲ, ಇಷ್ಟೇ ಹೇಳು ಎಂದ. ಒಳಗೆ ಪಂಚನಾಮೆ ಶುರುವಾಗಿತ್ತು. ಅಮರೇಶನ ಮೊಬೈಲ್ ಮೇಜಿನ ಮೇಲಿತ್ತು. ಅದೇ ನೋಟಿಸ್ ಮೊದಲು ಇನ್ನೂ ಮೂವರಿಗೆ ಹೋಗಿತ್ತು.

"ಎಷ್ಟು ರೊಕ್ಕ ತಗೊಂಡಿ?"

"ಒಂದು ಪೈಸಾ ಮುಟ್ಟಿಲ್ಲ ಸರ್."

"ಮತ್ತ್ಯಾಕಲೇ?"

ಅಮರೇಶ ನೆಲ ನೋಡಿದ. "ಮದಲ ಉಣ್ಣಾಕ ಕುಂತ್ರ ನಾಕು ಸಲ ಫೋನ್ ಬರ್ತಿತ್ತು. ಅಮರೇಶ ಬಾ, ಮಷಿನ್ ನಿಂತೈತಿ, ನೀನ ಬರಬೇಕು ಅಂತಿದ್ರು. ಏಜೆನ್ಸಿ ಹೋತು, ಎಲ್ಲಾ ಆನ್‌ಲೈನ್ ಆತು. ಆರು ತಿಂಗಳು ಒಬ್ಬರೂ ಮಾತಾಡಿಸಿದ್ದಿಲ್ಲ. ಹೆದರಿಕಿ ಆದ್ರ ಮತ್ತ ನನಗ ಫೋನ್ ಮಾಡ್ತಾರಲ್ರೀ. ಆ ಮೂರೂ ಮಂದಿ ಮಾಡಿದ್ರು. ನಾ ನೋಡ್ಕೊಂತೀನಿ ಬಿಡ್ರಿ ಅಂದೆ. ಎರಡು ದಿನ ಬಿಟ್ಟು ಕೇಸ್ ಹೋತು ಅಂದೆ. ದೇವರು ಬಂದಂಗ ಬಂದಿ ಅಂದ್ರು ಸರ್." ತಲೆ ಎತ್ತಿದ. "ಜಯತೀರ್ಥ ಸರ್ ಒಬ್ರ ನೋಟಿಸ್ ಹೋದಮ್ಯಾಲೆ ಫೋನ್ ಮಾಡ್ಲಿಲ್ಲ. ನಿನ್ನಿಂದ ಕಾಯಾಕ ಹತ್ತೀನಿ."

ಪಂಪಣ್ಣನಿಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಸೇತುವೆಯ ಮೇಲೆ ಬಹಳ ಹೊತ್ತು ನಿಂತಿದ್ದರಂತೆ, ಬಹಳ ಹೊತ್ತು!

ಅಷ್ಟರಲ್ಲಿ ಮೇಜಿನ ಮೇಲಿದ್ದ ಮೊಬೈಲ್ ಬಡಿದುಕೊಂಡಿತು. ಹೆಸರು ಮೂಡಿತು: ಜಯತೀರ್ಥ ಸರ್, ಗಾಂಧಿನಗರ. ಅಮರೇಶನ ಕೈ ತಾನಾಗಿ ಮುಂದೆ ಹೋಯಿತು, ಪಂಪಣ್ಣ ತಡೆದ. ಭೀಮರಾಜ ಸ್ಪೀಕರ್ ಒತ್ತಿದರು.

"ಅಮರೇಶಾ? ಹೆದರಬ್ಯಾಡಪಾ. ನಾ ಕಳ್ಳ ಅಲ್ಲಂತ, ಪೊಲೀಸರೇ ಹೇಳಿದ್ರು. ನನಗ ಕೊಟ್ಟಿದ್ದಕ್ಕ ನಿನಗೇನೂ ಆಗಂಗಿಲ್ಲ. ನಿನ್ನ ಹೆಸರು ಸಿಕ್ಕೀತು ಅಂತ ಫೋನ್ ಬಂದ್ ಮಾಡಿದ್ದೆ, ಪೆನ್‌ಡ್ರೈವ್ ಕಾಲಿವಿಗೆ ಒಗದೆ. ಎಲ್ಲೂ ನಿನ್ನ ಹೆಸರು ಎತ್ತಿಲ್ಲ. ಕೇಳಸ್ತದೇನಪಾ?"

ಅಮರೇಶ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡ.

"ಅಮರೇಶಾ? ಮಾತಾಡೋ."

ಭೀಮರಾಜ ಫೋನ್ ಕತ್ತರಿಸಿ, ಲಕೋಟೆಗೆ ಹಾಕಿ, ಅರಗು ಹಚ್ಚಿಸಿದರು. ಸಂಜೆ ಐದು ಹತ್ತಕ್ಕೆ ಬಂಧನ ಎಂದು ಪಂಪಣ್ಣ ಬರೆದುಕೊಂಡ. ಜೀಪಿನಲ್ಲಿ ಬಳ್ಳಾರಿ ಮುಟ್ಟುವವರೆಗೂ ಅಮರೇಶ ಕೇಳಿದ್ದು ಒಂದೇ ಮಾತು.

"ಅವರಿಗೆ ಯಾರು ಹೇಳ್ತಾರ ಸರ್, ಕಳಿಸಿದಾವ ನಾನ ಅಂತ?"