ಹೀಟರ್ ಮೇಲಿಟ್ಟ ದೊಡ್ಡಪತ್ರೆ

ಬೀಗದಲ್ಲಿ ಕೀಲಿ ತಿರುಗಿದ ಸದ್ದು!

ಹಾಸಿಗೆಯ ಮೇಲೆ ಕಂಬಳಿಗಳ ಗುಡ್ಡದೊಳಗೆ ಮೂಗು ಮಾತ್ರ ಹೊರಗಿಟ್ಟು ಕೂತಿದ್ದವಳ ಎದೆ ಧಸಕ್ಕೆಂದಿತು. ಆ ರೂಮಿನ ಕೀಲಿ ಇದ್ದದ್ದು ತನ್ನ ಹತ್ತಿರ ಮಾತ್ರ. ಅಂದರೆ… ಕಳ್ಳ! ಹಾಡುಹಗಲೇ!

ಕೈಗೆ ಸಿಕ್ಕಿದ್ದು ಇಸ್ತ್ರಿಪೆಟ್ಟಿಗೆ. ಬಾಗಿಲು ತೆರೆಯುವುದಕ್ಕೂ ಅವಳು ಕಿರುಚುವುದಕ್ಕೂ ಸರಿಹೋಯಿತು. ಅದೇನು ಸಾಮಾನ್ಯ ಕಿರುಚೇ? ಕೆಳಗಿನ ಬೀದಿಯಲ್ಲಿ ಓಡುತ್ತಿದ್ದ ಟ್ರಾಮು ಗಕ್ಕನೆ ನಿಂತಿತು. ಎದುರು ಕಟ್ಟಡದ ಪಾರಿವಾಳಗಳು ಸಂಸಾರ ಸಮೇತ ಗುಳೆ ಎದ್ದು ಪಕ್ಕದ ದೇಶಕ್ಕೆ ಹೋದವು. ಇವತ್ತಿಗೂ ವಾಪಸ್ ಬಂದಿಲ್ಲ, ಬೇಕಾದರೆ ಹೋಗಿ ನೋಡಿ.

"ಯಾರೋ ನೀನು? ಒಂದು ಹೆಜ್ಜೆ ಮುಂದಿಟ್ರೆ ಮುಖಕ್ಕೆ ಇಸ್ತ್ರಿ ಹಾಕ್ಬಿಡ್ತೀನಿ!"

ಪರದೇಶದ ಕಳ್ಳನಿಗೆ ಕನ್ನಡ ಎಲ್ಲಿಂದ ಬರಬೇಕು ಎಂಬ ಯೋಚನೆಯೂ ಅವಳಿಗೆ ಹೊಳೆಯಲಿಲ್ಲ. ಭಯವಾದಾಗ ಬಾಯಿಗೆ ಬರುವುದು ಅಮ್ಮನ ಭಾಷೆಯೇ ತಾನೇ?

ಬಾಗಿಲಲ್ಲಿ ನಿಂತವನ ಕೈಯಲ್ಲಿ ಒಂದು ಸಣ್ಣ ಸೂಟ್‌ಕೇಸ್. ನಿದ್ದೆಗೆಟ್ಟು ಕಣ್ಣು ಕೆಂಪಗೆ. ಅವನು ಇಸ್ತ್ರಿಪೆಟ್ಟಿಗೆಯನ್ನೂ ನೋಡಿದ, ಅವಳನ್ನೂ ನೋಡಿದ.

"ಇದು… ನನ್ನ ರೂಮು," ಎಂದ. ಕನ್ನಡದಲ್ಲೇ!

ಅಯ್ಯೋ ದೇವರೇ… ಓನರ್!

ಒಂದು ಸೆಮಿಸ್ಟರ್ ಓದಲು ಬಂದ ಹುಡುಗಿಗೆ ಈ ರೂಮು ಹುಡುಕಿಕೊಟ್ಟಿದ್ದು ಅವಳ ಚಿಕ್ಕಮ್ಮ. 'ನಮ್ಮ ಭಾಷೆಯ ಹುಡುಗ ಕಣೆ, ಈ ಸೆಮಿಸ್ಟರ್ ಪೂರ್ತಿ ಊರಲ್ಲೇ ಇರ್ತಾನಂತೆ, ರೂಮು ಖಾಲಿ,' ಎಂದಿದ್ದರು. ಆ ಹುಡುಗ ಸೆಮಿಸ್ಟರಿನ ನಟ್ಟನಡುವೆ ಹೀಗೆ ಪ್ರತ್ಯಕ್ಷನಾಗುತ್ತಾನೆ ಅಂತ ಯಾರು ಕನಸು ಕಂಡಿದ್ದರು?

"ತಟ್ಟದೆ ಬಂದಿದ್ದು ನನ್ನದೇ ತಪ್ಪು. ಅಭ್ಯಾಸ," ಎಂದ ಅವನು. "ಒಂದೇ ನಿಮಿಷ… ಗಿಡ ನೋಡಬಹುದಾ?"

ಅವಳ ಉತ್ತರಕ್ಕೂ ಕಾಯದೆ ಕಿಟಕಿಯ ಹತ್ತಿರ ಹೋದ. ಕುಂಡದಲ್ಲಿದ್ದ ಗಿಡದ ಒಂದು ಎಲೆ ಚಿವುಟಿ, ಬೆರಳಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದ.

ಹಾಗೇ ನಿಂತ. ಬೆನ್ನು ಮಾತ್ರ ಕಾಣುತ್ತಿತ್ತು. ತುಂಬ ಹೊತ್ತು ಆ ಬೆನ್ನು ಅಲ್ಲಾಡಲೇ ಇಲ್ಲ.

ಆಮೇಲೆ ತಿರುಗಿ, "ಚೆನ್ನಾಗಿ ನೋಡ್ಕೊಂಡಿದ್ದೀರಿ. ಥ್ಯಾಂಕ್ಸ್," ಎಂದು ಹೊರಗೆ ಹೋಗಿ ಮೆಲ್ಲಗೆ ಬಾಗಿಲೆಳೆದುಕೊಂಡ.

ಇಸ್ತ್ರಿಪೆಟ್ಟಿಗೆ ಅವಳ ಕೈಯಿಂದ ಜಾರಿ ಹಾಸಿಗೆಗೆ ಬಿತ್ತು. ಯಾಕೆಂದರೆ… ಅದು ಅವನ ಗಿಡವೇ ಆಗಿರಲಿಲ್ಲ!

ಅವನು ಬಿಟ್ಟುಹೋಗಿದ್ದು ದೊಡ್ಡಪತ್ರೆ. ಮಕ್ಕಳಿಗೆ ಕೆಮ್ಮು ಬಂದರೆ ಎಲೆ ಬಾಡಿಸಿ ರಸ ಹಿಂಡಿ ಕೊಡುತ್ತಾರಲ್ಲ, ಅದೇ. ಅವಳು ಬಂದ ಹೊಸತರಲ್ಲಿ ಆ ಊರಿನ ಚಳಿ ಎಂಥದ್ದೆಂದರೆ, ಬಾಯಿಂದ ಹೊರಟ ಮಾತು ಹೆಪ್ಪುಗಟ್ಟಿ ಟಣ್ಣಂತ ನೆಲಕ್ಕೆ ಬೀಳುತ್ತಿತ್ತು. ಯಾವಾಗಲೂ ಕಂಬಳಿ ಹೊದ್ದೇ ಓಡಾಡುವ ಅವಳಿಗೆ ವಿದ್ಯಾರ್ಥಿಗಳೇ ಹಂಚಿಕೊಂಡಿದ್ದ ಆ ಮನೆಯಲ್ಲಿ 'ಕಂಬಳಿಹುಳ' ಅಂತಲೇ ಹೆಸರಾಯಿತು. ಬೆಚ್ಚಗಿನ ಸೀಮೆಯಲ್ಲಿ ಹುಟ್ಟಿದವಳಿಗೆ ಕಿಟಕಿಯ ಗಾಜಿಗೆ ಒರಗಿದ್ದ ಗಿಡವನ್ನು ನೋಡಿ ಕರುಳು ಚುರ್ರೆಂದಿತು. 'ಪಾಪ, ನಿಂಗೂ ಚಳಿ ಅಲ್ವಾ? ನೀನೂ ನಮ್ಮ ಕಡೇದೇ ತಾನೇ?' ಎಂದು ಎತ್ತಿ ಗೋಡೆಯ ಹೀಟರ್ ಮೇಲೆ ಇಟ್ಟಳು. ಅದರ ಬುಡಕ್ಕೆ ಒಂದು ಕಾಲುಚೀಲವನ್ನೂ ಸುತ್ತಿದಳು!

ಕಾಲೇಜಿನ ಪ್ರವಾಸ ಮುಗಿಸಿ ವಾಪಸ್ ಬರುವಷ್ಟರಲ್ಲಿ ಗಿಡ ಹಪ್ಪಳವಾಗಿತ್ತು.

ಅವತ್ತಿಂದ ಅವಳು ಊರಿನ ಗಿಡದಂಗಡಿ ಒಂದನ್ನೂ ಬಿಡಲಿಲ್ಲ. ಕೊನೆಗೆ ಸಿಕ್ಕಿತು! ಅದೇ ದಪ್ಪ ಎಲೆ, ಅದೇ ರೋಮ, ಅದೇ ಕಚ್ಚುಕಚ್ಚು ಅಂಚು. ವಾಸನೆ ನೋಡೋಣವೆಂದರೆ ನೆಗಡಿಯಾಗಿ ಮೂಗು ಬಂದ್. ನೆಗಡಿ ವಾಸಿಯಾದ ಮೇಲೆ ಎಲೆ ಉಜ್ಜಿ ನೋಡಿದರೆ… ಬರೀ ಹುಲ್ಲಿನ ವಾಸನೆ.

'ಅವನಿಗೂ ಮೂಗು ಕಟ್ಟಿರಬೇಕು,' ಎಂದು ತನ್ನನ್ನೇ ಸಮಾಧಾನ ಮಾಡಿಕೊಂಡಳು ಈಗ. 'ಬಚಾವ್…'

ಆ ಸಮಾಧಾನ ಅಡುಗೆಮನೆಯವರೆಗೂ ಬಾಳಲಿಲ್ಲ.

ಆ ಮನೆಯಲ್ಲಿ ಎಲ್ಲರಿಗಿಂತ ಹಿರಿಯಳು ಸಂಶೋಧನೆ ಮಾಡುತ್ತಿದ್ದ, ಎಲ್ಲರೂ 'ಅಕ್ಕ' ಎಂದೇ ಕರೆಯುತ್ತಿದ್ದ ಕನ್ನಡದವಳು. ಸಿಂಕಿನಲ್ಲಿ ಒಂದು ಚಮಚ ಬಿಟ್ಟರೂ ಮೂರು ತಲೆಮಾರಿನವರಿಗೆ ಕೇಳುವಂತೆ ಬೈಯುವವಳು. ಅವತ್ತು ಅವಳ ದನಿಯೇ ಬೇರೆ ಥರ ಇತ್ತು.

"ಅವನ ಅಮ್ಮ ಹೋಗ್ಬಿಟ್ರು ಕಣೆ. ಅವರನ್ನ ನೋಡ್ಕೊಳ್ಳೋಕೆ ಅಂತ್ಲೇ ಸೆಮಿಸ್ಟರ್ ಬಿಟ್ಟು ಹೋಗಿದ್ದ."

ಹುಡುಗಿ ಕೈಯ ಲೋಟ ಕೆಳಗಿಟ್ಟಳು.

"ಆ ಗಿಡ ಇದೆಯಲ್ಲ, ಅದು ಅವರಮ್ಮ ಕಡ್ಡಿ ಮುರಿದು, ಒದ್ದೆ ಬಟ್ಟೆ ಸುತ್ತಿ ಕೊಟ್ಟಿದ್ದು. ಊರಲ್ಲಿ ಬಾಡಿಗೆ ಮನೆ, ಅದೂ ಖಾಲಿ ಮಾಡ್ಬಂದಿದ್ದಾನೆ. ಏನಂದ ಗೊತ್ತಾ? 'ಅಲ್ಲಿ ಇನ್ನೇನಿದೆ ಅಕ್ಕಾ? ಇಲ್ಲಿ ಅಮ್ಮನ ಗಿಡ ಆದ್ರೂ ಇದೆ.' ಅಷ್ಟಕ್ಕೇ ಓಡಿ ಬಂದಿದ್ದಾನೆ ಹುಚ್ಚ."

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ.

ರೂಮು ಬಿಟ್ಟುಕೊಡುತ್ತೇನೆ ಎಂದಳು. ಅವನು ಒಪ್ಪಲಿಲ್ಲ. "ಮಾತು ಅಂದ್ರೆ ಮಾತು. ಸೆಮಿಸ್ಟರ್ ಮುಗಿಯೋವರೆಗೂ ನಿಮ್ಮದೇ," ಎಂದು ಹಾಲಿನ ಸೋಫಾಕ್ಕೆ ಒಂದು ಪರದೆ ಕಟ್ಟಿಕೊಂಡ. ದಿನಾ ಬೆಳಿಗ್ಗೆ ಮಾತ್ರ ತನ್ನದೇ ರೂಮಿನ ಬಾಗಿಲನ್ನು ಪರರ ಮನೆಯಂತೆ ತಟ್ಟುತ್ತಿದ್ದ.

"ಗಿಡ ನೋಡಬಹುದಾ?"

"ಬನ್ನಿ ಓನರ್ ಸಾಹೇಬ್ರೇ."

ಬರುತ್ತಿದ್ದ. ಮಣ್ಣು ಮುಟ್ಟಿ ನೋಡಿ ನೀರು ಹಾಕುತ್ತಿದ್ದ. ಒಂದೊಂದೇ ಎಲೆಯ ಧೂಳು ಒರೆಸುತ್ತಿದ್ದ. ಚಿವುಟಿ ಮೂಸುವುದನ್ನು ಮಾತ್ರ ಮತ್ತೆಂದೂ ಮಾಡಲಿಲ್ಲ.

ಅವಳು ಕಟ್ಟಡ ವಿನ್ಯಾಸದ ವಿದ್ಯಾರ್ಥಿನಿ. ರೂಮಿನ ತುಂಬ ರಟ್ಟಿನ ಮನೆಗಳು. ಒಂದು ಬೆಳಿಗ್ಗೆ ಅವನು ಬಗ್ಗಿ ಒಂದರೊಳಗೆ ಇಣುಕಿದ.

"ಈ ರೂಮಿಗೆ ಕಿಟಕಿ ಎಲ್ಲಿ?"

"ಅದು ಉಗ್ರಾಣ ಕಣ್ರೀ! ಅಕ್ಕಿ ಮೂಟೆ ಹೊರಗೆ ನೋಡ್ಬೇಕಾ?"

ಅವನು ನಕ್ಕ. ಬಂದಾಗಿನಿಂದ ಅದೇ ಮೊದಲನೇ ನಗು. ನಕ್ಕವನು ತಟ್ಟನೆ ಸುಮ್ಮನಾಗಿ, "ಆಸ್ಪತ್ರೇಲಿ ಅಮ್ಮನಿಗೆ ಕಿಟಕಿ ಇಲ್ಲದ ರೂಮು ಸಿಕ್ಕಿತ್ತು," ಎಂದ. "ದಿನಾ ಕೇಳೋರು, ಹೊರಗೆ ಬಿಸಿಲಿದೆಯೇನೋ ಅಂತ. ಮೋಡ ಇದ್ರೂ 'ಇದೆ' ಅಂತಿದ್ದೆ."

ಅವಳು ಬ್ಲೇಡು ತೆಗೆದುಕೊಂಡು ಉಗ್ರಾಣದ ಗೋಡೆಗೆ ಅಲ್ಲೇ ಒಂದು ಕಿಟಕಿ ಕೊರೆದಳು. ಅವನು ಅದನ್ನು ನೋಡಿದ. ಅವಳನ್ನು ನೋಡಿದ. ಗಿಡಕ್ಕೆ ನೀರು ಹಾಕುವುದನ್ನೇ ಮರೆತು ಹೋದ.

ಅವತ್ತೇ ಅವಳಿಗೆ ತಿಳಿದುಹೋಯಿತು. ಬಾಗಿಲ ಸದ್ದಿಗೆ ತನ್ನ ಎದೆ ಕಾಯುತ್ತಿದೆ… ಸಾವಿರ ಡೋಲು ಒಟ್ಟಿಗೆ ಬಡಿದಂತೆ ಬಡಿಯುತ್ತಿದೆ… ಪಕ್ಕದ ಮನೆಯವರು ಯಾಕಿನ್ನೂ ದೂರು ಕೊಟ್ಟಿಲ್ಲವೋ!

ಪ್ರೀತಿ ಹೆಚ್ಚಿದಷ್ಟೂ ಗಿಡದ ಸುಳ್ಳು ಗಂಟಲಲ್ಲಿ ಮುಳ್ಳಾಯಿತು. ಹೇಳೋಣವೆಂದು ಬಾಯಿ ತೆರೆದರೆ, ಅವನು ಎಲೆ ಒರೆಸುತ್ತಾ ನಿಂತಿರುತ್ತಿದ್ದ. ತೆರೆದ ಬಾಯಿ ಹಾಗೇ ಮುಚ್ಚುತ್ತಿತ್ತು. 'ಅಮ್ಮನನ್ನ ಇನ್ನೊಂದು ಸಲ ಕಳ್ಕೊಳ್ಳೋ ಹಾಗೆ ಮಾಡಲಾ ನಾನು?'

ಕಣ್ಣೆದುರು ಅದನ್ನು ನೋಡಲಾರದೆ ಒಂದು ದಿನ ಕುಂಡವನ್ನೇ ಎತ್ತಿ ಹಾಲಿನಲ್ಲಿ, ಅವನ ಸೋಫಾದ ಪಕ್ಕ ಇಟ್ಟುಬಿಟ್ಟಳು.

ಅವನು ಕುಂಡ ನೋಡಿದ. ಮುಖ ಬಾಡಿತು.

"ಓ… ದಿನಾ ಬಂದು ತೊಂದ್ರೆ ಕೊಟ್ಟೆ ಅನ್ಸುತ್ತೆ. ಸಾರಿ."

"ಅಯ್ಯೋ, ಹಾಗಲ್ಲ…"

"ಪರವಾಗಿಲ್ಲ. ಹೇಳಿದ್ರೆ ನಾನೇ ತಗೋತಿದ್ದೆ."

ಹಾಗಲ್ಲದಿದ್ದರೆ ಮತ್ತೆ ಹೇಗೆ? ಅವಳು ಸರಸರನೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನದಿಂದ ಬಾಗಿಲು ತಟ್ಟುವ ಸದ್ದು ನಿಂತಿತು.

"ಏನೇ ಕಂಬಳಿಹುಳ, ಅವನಿಗೇನಂದೆ?" ಅಕ್ಕ ಗದರಿದಳು. "ಮತ್ತೆ ಊಟ ಬಿಟ್ಟು ಕೂತಿದ್ದಾನೆ!"

ಅವಳು ಕಂಬಳಿಯೊಳಗೆ ಮುಖ ಮುಚ್ಚಿಕೊಂಡು ಅತ್ತಳು. ಆ ಕಣ್ಣೀರಿಗೆ ಊರಿನ ನದಿ ದಡ ಮೀರಿ ಹರಿಯಬೇಕಿತ್ತು. ಚಳಿಗೆ ಹೆಪ್ಪುಗಟ್ಟಿದ್ದರಿಂದ ಊರು ಉಳಿಯಿತು.

ಸೆಮಿಸ್ಟರ್ ಮುಗಿಯಿತು. ಹೊರಡುವ ಬೆಳಿಗ್ಗೆ ಪೆಟ್ಟಿಗೆ ಕಟ್ಟಿ, ರಟ್ಟಿನ ಮನೆಗಳನ್ನು ಕಸಕ್ಕೆ ಹಾಕಿ, ಕಿಟಕಿ ಕೊರೆದ ಒಂದನ್ನು ಮಾತ್ರ ಮೇಜಿನ ಮೇಲೆ ಬಿಟ್ಟಳು. ಕೀಲಿ ಕೊಡಲು ಹಾಲಿಗೆ ಬಂದಳು. ಅವನು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

ಕೀಲಿ ಚಾಚಿದ ಕೈಯನ್ನು ಹಿಂದೆಗೆದುಕೊಂಡಳು. ಸುಳ್ಳು ಹೊತ್ತುಕೊಂಡು ಹೋದರೆ ಜನ್ಮವಿಡೀ ಹೊರಬೇಕು…

"ಅದು… ನಿಮ್ಮಮ್ಮನ ಗಿಡ ಅಲ್ಲ!"

ಅವನು ತಲೆ ಎತ್ತಲಿಲ್ಲ. "ಗೊತ್ತು."

"ಗೊತ್ತಾ?"

"ಮೊದಲನೇ ದಿನಾನೇ. ಎಲೆ ಚಿವುಟಿದೆ… ಅಮ್ಮನ ವಾಸನೆ ಇರ್ಲಿಲ್ಲ." ಅವನು ಬೆರಳುಗಳನ್ನೇ ನೋಡುತ್ತಿದ್ದ. "ಆಸ್ಪತ್ರೇಲಿ ಅವರ ಉಸಿರು ನಿಂತಾಗ ನಂಬಿಕೆ ಬರ್ಲಿಲ್ಲ. ಬೆಂಕಿ ಕೊಟ್ಟಾಗ್ಲೂ ಬರ್ಲಿಲ್ಲ. ಆ ಕಿಟಕಿ ಹತ್ರ ನಿಂತು ಮೂಸಿದಾಗ ಗೊತ್ತಾಯ್ತು… ಅಮ್ಮ ನಿಜವಾಗ್ಲೂ ಇಲ್ಲ ಅಂತ."

ಅವಳು ಅವನೆದುರು ನೆಲದ ಮೇಲೆ ಕೂತಳು.

"ಬೈಬೇಕಿತ್ತು! ಹೊಡೀಬೇಕಿತ್ತು ನನ್ನ!"

"ಬೈಯೋಣ ಅಂತ್ಲೇ ತಿರುಗಿದೆ. ನೀವು ಇಸ್ತ್ರಿಪೆಟ್ಟಿಗೆ ಹಿಡ್ಕೊಂಡು ಎಲೆ ಥರ ನಡುಗ್ತಿದ್ರಿ. ಎಲ್ಲೆಲ್ಲಿ ಅಲೆದು ತಂದಿದ್ರೋ ಅದನ್ನ… ಸಂಕಟ ಪಡೋರು ಒಬ್ಬರೇ ಸಾಕು ಅನ್ನಿಸ್ತು."

"ಮತ್ತೆ ದಿನಾ ಯಾಕೆ ನೀರು ಹಾಕಿದ್ರಿ ಈ ಸುಳ್ಳು ಗಿಡಕ್ಕೆ?"

"ಅದೇನು ತಪ್ಪು ಮಾಡಿದೆ ಪಾಪ? ಮತ್ತೆ… ಅದರ ನೆಪ ಇಲ್ದಿದ್ರೆ ನಿಮ್ಮ ಬಾಗಿಲು ಹೇಗೆ ತಟ್ಟಲಿ?"

ಅವಳು ಅಳುತ್ತಲೇ ಎಲ್ಲವನ್ನೂ ಒದರಿದಳು. "ಚಳಿ ಆಗುತ್ತೆ ಅಂತ… ಹೀಟರ್ ಮೇಲೆ ಇಟ್ಟೆ. ಕಾಲುಚೀಲಾನೂ ಹಾಕಿದ್ದೆ…"

"ಕಾಲುಚೀಲ?"

ಅವನು ನಕ್ಕ. ನಗು ಏರಿತು, ಏರಿದ್ದು ಅರ್ಧದಲ್ಲೇ ಮುರಿದು ಬಿಕ್ಕಳಿಕೆಯಾಯಿತು. "ಅಮ್ಮನೂ… ಅಮ್ಮನೂ ಫೋನಲ್ಲಿ ಅದೇ ಕೇಳೋರು. 'ಗಿಡಕ್ಕೆ ಚಳಿ ಆಗಲ್ವೇನೋ? ಒಂದು ಶಾಲಾದ್ರೂ ಹೊದಿಸೋ…'"

ಅಮ್ಮ ಹೋದಮೇಲೆ ಅವನು ಅತ್ತದ್ದು ಅದೇ ಮೊದಲು. ಇಷ್ಟು ಹೊತ್ತು ಸಾಸಿವೆಯನ್ನು ಸೋರೆಕಾಯಿ ಮಾಡಿ ಹೇಳಿದ್ದಾಯಿತು. ಆ ಅಳುವಿಗೆ ಮಾತ್ರ ಒಂದು ಕಾಳೂ ಸೇರಿಸಿಲ್ಲ. ಅವಳು ತನ್ನ ಕಂಬಳಿ ತೆಗೆದು ಅವನ ಹೆಗಲಿಗೆ ಹೊದಿಸಿದಳು, ಅಷ್ಟೇ.

ಕೆಳಗೆ ಟ್ಯಾಕ್ಸಿ ಹಾರನ್ ಹೊಡೆಯಿತು.

"ಏನಾದ್ರೂ ಹೇಳೋ ಮಂಕೇ!" ಅಕ್ಕ ಮೆಟ್ಟಿಲಲ್ಲಿ ನಿಂತು ಕೂಗಿದಳು.

ಅವನ ತುಟಿ ಅಲುಗಿತು. "ಹುಷಾರು," ಎಂದ. ಬೇರೇನೂ ಬರಲಿಲ್ಲ. ಅವಳು ಕೀಲಿಯನ್ನು ಅವನ ಕೈಗಿಟ್ಟು ಕೆಳಗಿಳಿದಳು. ಟ್ಯಾಕ್ಸಿ ತಿರುವು ದಾಟಿತು.

ಊರಿಗೆ ಬಂದವಳು ಪೆಟ್ಟಿಗೆಯನ್ನೂ ಬಿಚ್ಚದೆ ಅಕ್ಕನಿಗೆ ಫೋನ್ ಮಾಡಿ ಒಂದು ವಿಳಾಸ ಕೇಳಿದಳು.

ಅವನಮ್ಮ ಬಾಡಿಗೆಗಿದ್ದ ಮಹಡಿ ಮನೆಯಲ್ಲಿ ಆಗಲೇ ಬೇರೆ ಬಾಡಿಗೆಯವರಿದ್ದರು. ಕೆಳಗೆ, ನಲ್ಲಿಯ ಪಕ್ಕದಲ್ಲಿ, ಹಿಡಿ ಕಿತ್ತುಹೋದ ನೀಲಿ ಬಕೆಟ್. ಅದರ ತುಂಬಾ… ದೊಡ್ಡಪತ್ರೆ!

"ಯಾರಮ್ಮಾ ನೀನು?" ಮನೆಯ ಓನರಮ್ಮ ಇಣುಕಿದರು.

"ಈ ಗಿಡದ ಮಗುವನ್ನ ಕೊಂದವಳು," ಎಂದುಬಿಟ್ಟಳು ಅವಳು. "ಒಂದು ಕಡ್ಡಿ ಕೊಡ್ತೀರಾ?"

"ಚೆನ್ನಾಗಿದೆ! ಕೊಂದವಳ ಕೈಗೇ ಇನ್ನೊಂದು ಕೊಡ್ಬೇಕಾ?" ಎಂದು ಗೊಣಗುತ್ತಲೇ ಓನರಮ್ಮ ಬುಡದ ಹತ್ತಿರ ಒಂದು ಒಳ್ಳೆ ಕಡ್ಡಿ ಮುರಿದರು. "ಪುಣ್ಯಾತ್ಗಿತ್ತಿ. ಬೀದಿ ಮಕ್ಕಳಿಗೆಲ್ಲ ಇದರ ರಸಾನೇ ಕುಡಿಸ್ತಿದ್ಲು. ಹೋಗು, ಬಿಸಿಲಿಗೆ ಇಡು. ಜಾಸ್ತಿ ಮುದ್ದು ಮಾಡ್ಬೇಡ."

ಕಡ್ಡಿ ತಂದದ್ದನ್ನು ಅವಳು ಅವನಿಗೆ ಹೇಳಲಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದರು. ಚಳಿ, ಪರೀಕ್ಷೆ, ಅಕ್ಕನ ಬೈಗುಳ… ಹೇಳಬೇಕಾದ್ದೊಂದನ್ನು ಬಿಟ್ಟು ಲೋಕದ ಮಾತೆಲ್ಲ. ಕಡ್ಡಿ ಬೇರು ಬಿಟ್ಟಿತು. ಚಿಗುರಿತು. ಓದು ಮುಗಿಸಿ ಅವನು ಬರುವ ದಿನ ಬಂತು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಅವನು ತಳ್ಳುಗಾಡಿ ನಿಲ್ಲಿಸಿಕೊಂಡು ಯಾವ ಕಡೆ ಹೋಗುವುದೆಂದು ತಿಳಿಯದೆ ನಿಂತ. ಎಲ್ಲರ ಅಮ್ಮಂದಿರೂ ಬಂದಿದ್ದರು.

ಅವಳು ಕುಂಡ ಹಿಡಿದು ಎದುರು ಬಂದಳು. ಒಂದು ಎಲೆ ಚಿವುಟಿ, ಉಜ್ಜಿ, ಅವನ ಮೂಗಿನ ಹತ್ತಿರ ಹಿಡಿದಳು.

ಅವನ ಕಣ್ಣು ಮುಚ್ಚಿತು. ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬೆರಳ ಮೇಲೆ ಬಿಸಿ ಹನಿಗಳು ಉದುರಿದವು.

"ಅಮ್ಮ…" ಎಂದ, ಅವಳಿಗೆ ಮಾತ್ರ ಕೇಳುವಂತೆ.

"ಹ್ಞೂಂ. ಹೊರಗೆ ಬಿಸಿಲಿದೆ," ಎಂದಳು ಅವಳು. "ಈ ಸಲ ನಿಜವಾಗ್ಲೂ ಇದೆ."

ಅವನು ಕಣ್ಣೊರೆಸಿಕೊಂಡ. "ಕಂಬಳಿಹುಳದ ಕೈಲಿ ಗಿಡ ಉಳೀತಾ?"

"ಕಾಲುಚೀಲ ಹಾಕಿಲ್ಲ, ಅದಕ್ಕೆ."

ಅವನು ಆ ಹಳೆಯ ಬೆಳಗಿನ ದನಿಯಲ್ಲೇ ಕೇಳಿದ.

"ದಿನಾ… ಗಿಡ ನೋಡಬಹುದಾ?"

ಅವಳು ಕುಂಡವನ್ನು ಅವನ ತೋಳಿಗೆ ಕೊಟ್ಟು, ಅವನ ಎದೆಗೆ ತಲೆ ಒರಗಿಸಿದಳು.

"ಬಾಗಿಲು ತಟ್ಟಬೇಡ. ನಿನ್ನದೇ ಮನೆ."