ಏಳು ತಿರುವಿನ ಟೈರು

ಬೇಸಗೆ ಮುಗಿಯುತ್ತ ಬಂದಿತ್ತು. ಶಾಲೆ ಶುರುವಾಗಲು ಇನ್ನು ಒಂಬತ್ತೇ ದಿನ. ಅಪ್ಪನ ಹೊಲಿಗೆ ಮಿಷನ್ ಬೆಳಗ್ಗೆ ಐದಕ್ಕೇ ಕಟಕಟ ಶುರುಮಾಡಿತ್ತು. ಜಗುಲಿಯ ತುಂಬ ನೀಲಿ ಸ್ಕರ್ಟು, ಬಿಳಿ ಅಂಗಿ. ಹೊಲಿದು ಮುಗಿದವು ಮೆಟ್ಟಿಲ ಬಳಿ ಒಂದು ರಾಶಿ, ಗುಂಡಿ ಹಾಕಬೇಕಾದವು ಒಳಗೆ ಇನ್ನೊಂದು ರಾಶಿ. ಬುಗುರಿ ಗುಂಡಿಗಳನ್ನು ಡಬ್ಬಿಗಳಿಗೆ ವಿಂಗಡಿಸುತ್ತ ಕೂತಿದ್ದಳು.

ಕೂತಿದ್ದಳು ಅನ್ನುವುದು ಸುಳ್ಳು. ಒಂದು ಗುಂಡಿ ಹಾಕಿ ಒಂದು ಸುತ್ತು ತಿರುಗುತ್ತಿದ್ದಳು, ಇನ್ನೊಂದು ಹಾಕಿ ಇನ್ನೊಂದು ಸುತ್ತು. ಸುಮ್ಮನೆ ಆ ಹೆಸರು ಬಂದಿರಲಿಲ್ಲ.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಬೈಕಿನ ಸದ್ದಾಯಿತು. ಅಮ್ಮ ಡೇರಿಯಿಂದ ಬಂದಳು. ಹಾಲು ಪರೀಕ್ಷೆ ಮಾಡುವುದು ಅವಳ ಕೆಲಸ. ಬೆಳಗಿನ ಪಾಳಿ ಮುಗಿಸಿ ದಿನವೂ ಇದೇ ಹೊತ್ತಿಗೆ ಬರುತ್ತಾಳೆ. ಧೂಳು ಏಳದಿರಲಿ ಅಂತ ಅಪ್ಪ ಅಂಗಳಕ್ಕೆ ಆಗಷ್ಟೇ ನೀರು ಚಿಮುಕಿಸಿದ್ದ. ಅಮ್ಮ ಬ್ರೇಕ್ ಹಾಕಿದಳು. ಹಿಂದಿನ ಚಕ್ರ ಮೀನಿನ ಬಾಲದ ಹಾಗೆ ಅತ್ತ ಒಮ್ಮೆ, ಇತ್ತ ಒಮ್ಮೆ ಜಾರಿತು. ಬೈಕು ಮೆಲ್ಲಗೆ, ಬಹಳ ಮೆಲ್ಲಗೆ, ಸ್ಕರ್ಟಿನ ರಾಶಿಗೆ ಮೂತಿ ತೂರಿಸಿ ನಿಂತುಬಿಟ್ಟಿತು.

"ಅಯ್ಯೋ, ಸ್ಕರ್ಟು!" ಅಪ್ಪ ಕೂಗಿದ.

"ಅಯ್ಯೋ ಹೆಂಡ್ತಿ ಅನ್ನಬಾರದೇನ್ರೀ ಮೊದ್ಲು?" ರಾಶಿಯ ನಡುವಿನಿಂದ ಅಮ್ಮನ ದನಿ ಬಂತು. ಹೆಲ್ಮೆಟ್ಟಿನ ಮೇಲೆ ಒಂದು ನೀಲಿ ಸ್ಕರ್ಟು ಕೊಡೆಯ ಹಾಗೆ ಹರಡಿಕೊಂಡಿತ್ತು.

"ನಿಂಗೇನಾದ್ರೂ ಆಯ್ತಾ?"

"ಏನೂ ಇಲ್ಲ. ಮೆತ್ತಗಿತ್ತು."

ಬುಗುರಿ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಉರುಳಾಡಿ ನಕ್ಕಳು. ವಿಂಗಡಿಸಿದ ಗುಂಡಿಗಳೆಲ್ಲ ಅವಳ ಜೊತೆ ಉರುಳಿದವು.

ಅಪ್ಪ ಬಗ್ಗಿ ಹಿಂದಿನ ಟೈರು ನೋಡಿದ. ನಡುಭಾಗ ಊಟದ ತಟ್ಟೆಯಷ್ಟು ನುಣ್ಣಗಾಗಿತ್ತು. "ನನ್ನ ತಲೆಯಾದ್ರೂ ಪರವಾಗಿಲ್ಲ, ಅಲ್ಲಲ್ಲಿ ನಾಲ್ಕು ಕೂದಲಿದೆ" ಅಂದ. "ಇವತ್ತೇ ಬದಲಾಯಿಸ್ಬೇಕು. ಬಹಳ ದಿನ ಬಾಳೋ ಅಂಥದ್ದು ತಗೊಳ್ಳೋಣ."

"ಗುಡ್ಡ ಹತ್ತೋ ಅಂಥದ್ದು!" ಬುಗುರಿ ಎದ್ದು ಕೂತಳು.

ಅಮ್ಮ ಸ್ಕರ್ಟು ಮಡಿಸುವ ನೆಪದಲ್ಲಿ ಆ ಕಡೆ ತಿರುಗಿದಳು. ಯಾಕೆಂದರೆ ಅಮ್ಮ ಸಾಲದಲ್ಲಿದ್ದಳು. ದುಡ್ಡಿನ ಸಾಲವಲ್ಲ, ಭಾನುವಾರದ್ದು.

ಊರಾಚೆಯ ಗುಡ್ಡಕ್ಕೆ ಒಂದು ರಸ್ತೆಯಿದೆ. ಏಳು ತಿರುವು. ತುದಿಯಲ್ಲಿ ಕೆಂಪು ದೀಪದ ಟವರು. "ಭಾನುವಾರ ನಾವಿಬ್ರೇ ಹೋಗೋಣ" ಅಂತ ಅಮ್ಮ ಮಾತು ಕೊಟ್ಟಿದ್ದಳು. ಪ್ರತಿ ಭಾನುವಾರ ಬುಗುರಿ ಶೂ ಹಾಕಿಕೊಂಡು ಕಾಯುವುದು, ಡೇರಿಯಿಂದ ಫೋನು ಬರುವುದು. ಯಾರೋ ಒಬ್ಬರು ರಜೆ. "ಹಸುಗಳಿಗೆ ಭಾನುವಾರ ಅಂತ ಗೊತ್ತಾಗಲ್ಲ ಮಗಾ, ಹಾಲು ಬಂದೇ ಬರುತ್ತೆ" ಅನ್ನುತ್ತ ಅಮ್ಮ ಹೊರಡುವುದು. ಹೀಗೇ ಹನ್ನೊಂದು ಭಾನುವಾರ ಬಾಕಿ ಉಳಿದಿದ್ದವು.

ಮೂವರೂ ಬೈಕು ತಳ್ಳಿಕೊಂಡು ಟೈರಜ್ಜಿಯ ಅಂಗಡಿಗೆ ಹೊರಟರು. ಅಪ್ಪನ ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಅದಿಲ್ಲದೆ ಅಪ್ಪ ಬೀದಿಗೆ ಇಳಿದವನಲ್ಲ.

ಟೈರಜ್ಜಿ ಮೂರು ಟೈರು ಪೇರಿಸಿ, ಮೇಲೊಂದು ಗೋಣಿ ಹಾಸಿ ಮಹಾರಾಣಿಯ ಹಾಗೆ ಕೂತಿದ್ದಳು. ಅವಳ ಅಂಗಡಿಯಲ್ಲಿ ಒಂದು ಪದ್ಧತಿ. ಗಿರಾಕಿಯ ಹಳೆಯ ಟೈರನ್ನು ಓದದೆ ಹೊಸದನ್ನು ತೋರಿಸುವುದೇ ಇಲ್ಲ.

"ಎಲ್ಲೆಲ್ಲಿ ಓಡಾಡುತ್ತಮ್ಮಾ ಗಾಡಿ?" ಅಜ್ಜಿ ಕನ್ನಡಕ ಏರಿಸಿಕೊಂಡು ಕೇಳಿದಳು.

ಅಮ್ಮ ಬಾಯಿ ತೆರೆಯುವ ಮುಂಚೆ ಬುಗುರಿ ಶುರುಮಾಡಿದಳು. "ದಿನಾ ಡೇರಿಗೆ ಅಜ್ಜಿ. ಭಾನುವಾರ ಗುಡ್ಡಕ್ಕೆ! ಪ್ರತೀ ಭಾನುವಾರ! ಗಾಡಿ ಹೀಗೆ ವಾಲುತ್ತೆ, ಆಮೇಲೆ ಹೀಗೆ..."

ವಾಲಿ ತೋರಿಸುವಾಗ ಅವಳ ಮೊಣಕೈ ಗಾಳಿ ತುಂಬಿಟ್ಟ ಟ್ಯೂಬಿನ ಗೋಪುರಕ್ಕೆ ತಗಲಿತು. ಹತ್ತು ಟ್ಯೂಬು ಪುಟಿಯುತ್ತ ಬೀದಿಗೆ ಹೊರಟವು. ಅಪ್ಪ ಓಡಿ ಎರಡನ್ನು ಕೈಯಲ್ಲಿ ಹಿಡಿದ, ಒಂದನ್ನು ಕಾಲಲ್ಲಿ. ಇನ್ನೊಂದು ತಾನಾಗಿಯೇ ಬಂದು ಅವನ ಕೊರಳಿಗೆ ಬಿತ್ತು.

ಅಜ್ಜಿ ಇದ್ಯಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ, ಡಾಕ್ಟರು ನಾಡಿ ಹಿಡಿದ ಹಾಗೆ ಅಂಗೈ ಆಡಿಸಿದಳು.

"ದಿನಾ ಡೇರಿಗೆ. ಅದು ನಿಜ. ಕಾಲುವೆ ಪಕ್ಕದ ನೇರ ರಸ್ತೆ. ನೇರವಾಗೇ ಓಡಿ ಓಡಿ ನಡುವೆಲ್ಲ ಸವೆದಿದೆ." ಆಮೇಲೆ ಬೆರಳು ಟೈರಿನ ಅಂಚಿಗೆ ಸರಿಯಿತು. "ಗುಡ್ಡದ ವಿಷಯ ಮಾತ್ರ ಈ ಟೈರಿಗೆ ಗೊತ್ತೇ ಇಲ್ಲವಂತೆ."

"ಹಾಂ?"

"ಇಲ್ಲಿ ನೋಡು ಪುಟ್ಟಿ. ಅಂಚಿನಲ್ಲಿ ಸಣ್ಣ ಸಣ್ಣ ರಬ್ಬರ್ ಕೂದಲು. ಹೊಸ ಟೈರಲ್ಲಿ ಇರೋದು. ಗಾಡಿ ತಿರುವಿನಲ್ಲಿ ವಾಲಿದ್ರೆ ಇದು ಒಂದೇ ದಿನಕ್ಕೆ ಉಜ್ಜಿ ಹೋಗುತ್ತೆ. ಇಲ್ಲಿ ಹುಟ್ಟಿದಾಗ ಹೇಗಿತ್ತೋ ಹಾಗೇ ಇದೆ."

ಬುಗುರಿಯ ಕಿವಿ ಬಿಸಿಯಾಯಿತು. ಅಪ್ಪ ಸುಮ್ಮನೆ ಕೆಮ್ಮಿದ. ಅಮ್ಮ ಮಾತ್ರ ಆ ಕೂದಲುಗಳನ್ನೇ ನೋಡುತ್ತ ನಿಂತಳು.

ಅಜ್ಜಿ ಮೂರು ಟೈರು ತಂದು ಸಾಲಾಗಿ ಒರಗಿಸಿದಳು.

"ಇದು ಗಟ್ಟಿ. ದಿನಾ ಓಡಿಸಿದ್ರೂ ಬೇಗ ಸವೆಯಲ್ಲ. ನೇರ ರಸ್ತೆಗೆ ಇದು ಧಾರಾಳ. ಆದ್ರೆ ಇದನ್ನ ಹಾಕ್ಕೊಂಡು ಗುಡ್ಡದ ತಿರುವಿಗೆ ಹೋಗೋ ಮಾತು ಬೇಡ, ಹಿಡಿತ ಸಾಲದು. ಇದು ಮೆತ್ತಗಿನದು. ಗೋಡೆ ಮೇಲಿನ ಹಲ್ಲಿ ಥರ ಹಿಡ್ಕೊಳ್ಳುತ್ತೆ. ಆದ್ರೆ ದಿನಾ ಡೇರಿಗೆ ಹೋದ್ರೆ ವರ್ಷ ತುಂಬೋದ್ರೊಳಗೆ ಮತ್ತೆ ನನ್ನ ಹತ್ರ ಬರ್ತೀರ."

"ಮೂರನೇದು?" ಅಮ್ಮ ಕೇಳಿದಳು.

"ನಡುವೆ ಗಟ್ಟಿ, ಎರಡೂ ಪಕ್ಕ ಮೆತ್ತಗೆ. ಬಾಳಿಕೇನೂ ಬರುತ್ತೆ, ತಿರುವಿಗೂ ಆಗುತ್ತೆ. ಆದ್ರೆ ಪಕ್ಕ ಉಪಯೋಗಿಸದೇ ಇದ್ರೆ ದಂಡ. ಪೆಟ್ಟಿಗೇಲಿ ಮಡಿಸಿಟ್ಟ ಕೋಟು ಇದ್ದ ಹಾಗೆ."

ಬುಗುರಿ ಮೂರೂ ಟೈರನ್ನು ಮತ್ತೆ ಮತ್ತೆ ನೋಡಿದಳು. ಗಟ್ಟಿ ಟೈರು ಬಂದರೆ ಗುಡ್ಡದ ಕತೆ ಮುಗಿಯಿತು. ಒಂದೆರಡು ವಾರಕ್ಕಲ್ಲ, ಆ ಟೈರು ಸವೆಯುವ ತನಕ. ಅದೋ, ಬೇಗ ಸವೆಯುವುದಿಲ್ಲವಂತೆ!

ಆಗ ಅಪ್ಪನಿಗೊಂದು ಉಪಾಯ ಹೊಳೆಯಿತು. "ನಾನು ಹೇಳ್ಲಾ? ಯಾವುದಾದ್ರೂ ಇರ್ಲಿ, ಒಂದು ಸೈಜ್ ದೊಡ್ಡದು ತಗೊಳ್ಳೋಣ. ಬೆಳೆಯೋ ಮಕ್ಕಳಿಗೆ ನಾನು ಹಾಗೇ ಹೊಲಿಯೋದು. ಎರಡು ವರ್ಷ ಜಾಸ್ತಿ ಬರುತ್ತೆ."

"ಟೇಲರಪ್ಪಾ, ಟೈರು ಬೆಳೆಯಲ್ಲ, ಸವೆಯುತ್ತೆ" ಅಂದಳು ಅಜ್ಜಿ.

ಅಪ್ಪ ಕೇಳಬೇಕಲ್ಲ! ದಪ್ಪದೊಂದು ಟೈರು ತಬ್ಬಿಕೊಂಡು ಬಂದು ಟೇಪು ಸುತ್ತಿದ. "ಎದೆ ಇಷ್ಟು... ಸೊಂಟ ಇಷ್ಟು..." ಅಂತ ಗೊಣಗಿದ. ಅಜ್ಜಿ ಹಿಂದಿನ ಚಕ್ರ ಬಿಚ್ಚಿ, "ತೂರಿಸಿ ನೋಡಪ್ಪ" ಅಂದಳು. ಅಪ್ಪ ತೂರಿಸಿದ. ಒಂದು ಕಡೆ ಚೈನಿಗೆ ತಗಲಿತು. ಪಕ್ಕಕ್ಕೆ ಸರಿಸಿದ, ಇನ್ನೊಂದು ಕಡೆ ಕಬ್ಬಿಣಕ್ಕೆ ತಗಲಿತು.

"ಈ ಪಕ್ಕ ಒಂಚೂರು ಬಿಚ್ಚಿ ಮತ್ತೆ ಹೊಲಿದ್ರೆ ಆಗಲ್ವಾ?"

"ಏನನ್ನ? ಬೈಕನ್ನಾ?" ಅಮ್ಮ ಕೇಳಿದಳು.

ಅಜ್ಜಿ ನಕ್ಕ ರಭಸಕ್ಕೆ ಕನ್ನಡಕ ಗ್ರೀಸ್ ಡಬ್ಬಿಗೆ ಬಿತ್ತು. ಅಮ್ಮ ಕಣ್ಣೊರೆಸಿಕೊಂಡು ನಕ್ಕಳು. ಅಪ್ಪನ ಬಿಳಿ ಅಂಗಿಯ ಮೇಲೆ ಎದೆಯಿಂದ ಹೊಟ್ಟೆಯವರೆಗೆ ದೊಡ್ಡದೊಂದು ಕಪ್ಪು ಬಳೆ ಮೂಡಿತ್ತು. "ಒಗೆದ್ರೆ ಹೋಗುತ್ತೆ ಬಿಡಿ" ಅಂತ ತಾನೂ ನಕ್ಕ. ಅದು ಹೋಗುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ನಗು ನಿಂತ ಮೇಲೆ ಅಮ್ಮ ಬುಗುರಿಯ ಕಡೆ ತಿರುಗಿದಳು. "ಹನ್ನೊಂದು, ಅಲ್ವೇನೇ?"

ಬುಗುರಿ ತಲೆಯಾಡಿಸಿದಳು.

"ಮೂರನೇದು ಹಾಕಿ ಅಜ್ಜಿ."

"ಯೋಚನೆ ಮಾಡಿದ್ದೀಯಾ? ಸವೆದ ಮೇಲೆ ಇದನ್ನೂ ಇಲ್ಲಿಗೇ ತರ್ತೀಯ. ಆಗ ಓದ್ತೀನಿ."

"ಓದಿ. ನಾಳೆ ಭಾನುವಾರ. ನಾಳೇನೇ ಹೋಗ್ತೀವಿ."

"ಹಾಗಾದ್ರೆ ಇದನ್ನೂ ಕೇಳು. ಹೊಸ ರಬ್ಬರು ಮೊದಮೊದ್ಲು ಜಾರುತ್ತೆ. ನೂರು ಕಿಲೋಮೀಟರ್ ಆಗೋ ತನಕ ಆಮೆ ಹೋದ ಹಾಗೆ ಹೋಗು."

ಭಾನುವಾರ ಬುಗುರಿ ಶೂ ಹಾಕಿಕೊಂಡು, ಹೆಲ್ಮೆಟ್ಟನ್ನೂ ಹಾಕಿಕೊಂಡು ಜಗುಲಿಯಲ್ಲಿ ಸುತ್ತುತ್ತಿದ್ದಳು. ಎಂಟಕ್ಕೆ ಫೋನು ಬಡಿದುಕೊಂಡಿತು. ಎಲ್ಲರೂ ನಿಂತಲ್ಲೇ ನಿಂತರು. ಅಪ್ಪ ಎರಡು ಬೆರಳಲ್ಲಿ ಫೋನು ಎತ್ತಿದ, ಅದೇನೋ ಕಚ್ಚುತ್ತದೆ ಅನ್ನುವ ಹಾಗೆ.

"ಹಲೋ... ಹೂಂ... ಹೂಂ... ಸೊಂಟಕ್ಕೆ ಎಲಾಸ್ಟಿಕ್ಕೇ ಹಾಕಿದ್ದೀನಿ ಮೇಡಮ್!"

ಬುಗುರಿ ಹೋ ಅಂತ ಕುಣಿದು ಅಪ್ಪನ ಕಾಲು ತುಳಿದಳು.

ಗುಡ್ಡದ ರಸ್ತೆ ಶುರುವಾಯಿತು. ಅಮ್ಮ ನಿಜಕ್ಕೂ ಆಮೆಯ ಹಾಗೇ ಹೋದಳು. ಮೊದಲು ಒಬ್ಬ ಸೈಕಲ್ ಸವಾರ ಅವರನ್ನು ದಾಟಿದ, ಕೈ ಬೀಸಿ ಟಾಟಾ ಬೇರೆ ಮಾಡಿದ. ಆಮೇಲೆ ಹುಲ್ಲು ಹೇರಿದ ಟ್ರ್ಯಾಕ್ಟರು ದಾಟಿತು. ಒಂದು ಮೇಕೆ ಸುಮಾರು ದೂರ ಪಕ್ಕದಲ್ಲೇ ಓಡಿಬಂತು. ಕೊನೆಗೆ ಬೇಸರವಾಗಿ ಅದೂ ಮುಂದೆ ಹೋಯಿತು.

"ಅಮ್ಮಾ, ಮೇಕೆ ಓವರ್‌ಟೇಕ್ ಮಾಡ್ತು!"

"ಅದರ ಟೈರು ಹಳೇದು ಕಣೇ, ಅದಕ್ಕೇನು!"

ಮೊದಲ ತಿರುವು ಬಂತು. "ವಾಲು ಅಮ್ಮಾ, ವಾಲು!" ಬೈಕು ದೊಡ್ಡವರಿಗೆ ನಮಸ್ಕಾರ ಹೇಳುವಾಗ ತಲೆ ಬಾಗಿಸುವಷ್ಟೇ ವಾಲಿತು. ಆದರೂ ಬುಗುರಿ ಗುಡ್ಡವೇ ಬೆಚ್ಚುವ ಹಾಗೆ ಕಿರುಚಿದಳು. ಎರಡನೆಯ ತಿರುವಿನಲ್ಲಿ ಅಮ್ಮನೂ ಕಿರುಚಿದಳು.

ಮೂರನೆಯ ತಿರುವು ದಾಟಿದ ಮೇಲೆ ಒಂದು ಮರ, ಅದರ ಕೆಳಗೆ ಹಾಸುಬಂಡೆ. ಅಮ್ಮ ಬೈಕು ನಿಲ್ಲಿಸಿದಳು. "ಕಣ್ಣು ಎಳೀತಿದೆ ಮಗಾ. ಇವತ್ತು ಬೆಳಗ್ಗೆ ರಜೆ ಬೇಕಲ್ಲ ಅಂತ ನಿನ್ನೆ ಸಂಜೆ ಪಾಳೀನೂ ಮಾಡ್ದೆ. ಐದೇ ನಿಮಿಷ ಕೂತ್ಕೊಳ್ತೀನಿ." ಕೂತವಳು ಒರಗಿದಳು. ಒರಗಿದವಳು ಹೆಲ್ಮೆಟ್ ಸಮೇತ ನಿದ್ದೆಹೋದಳು. ಹೆಲ್ಮೆಟ್ಟಿನೊಳಗಿನಿಂದ ಗೊರಕೆ, ಮಡಕೆಯಲ್ಲಿ ದುಂಬಿ ಸಿಕ್ಕಿಕೊಂಡ ಹಾಗೆ. ಬುಗುರಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ತಲೆಯೆತ್ತಿ ನೋಡಿದಳು. ಮೇಲೆ ಇನ್ನೂ ನಾಲ್ಕು ತಿರುವು, ಟವರು.

ಕೆಳಗೆ ನೋಡಿದಳು. ಬಯಲಿನ ನಡುವೆ ಕಾಲುವೆ, ಅದರ ಪಕ್ಕಕ್ಕೇ ಒಂದು ರಸ್ತೆ. ಅಪ್ಪ ಸೀಮೆಸುಣ್ಣದಲ್ಲಿ ಎಳೆದ ಗೆರೆಯ ಹಾಗೆ ನೇರ. ಅದು ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಕೊನೆಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ. ಅದು ಡೇರಿ. ಅಮ್ಮ ದಿನವೂ ಅಲ್ಲಿಯವರೆಗೆ ಹೋಗಿ, ಅಲ್ಲಿಂದ ವಾಪಸು ಬರುತ್ತಾಳೆ. ಆ ರಸ್ತೆ ಇಷ್ಟು ಉದ್ದ ಅಂತ ಬುಗುರಿಗೆ ಗೊತ್ತೇ ಇರಲಿಲ್ಲ.

ಸೈಕಲ್ ಸವಾರ ಗುಡ್ಡ ಇಳಿದು ಬಂದ. "ಏನು ಪುಟ್ಟಿ, ಗಾಡಿ ಕೆಟ್ಟೋಯ್ತಾ? ಅಮ್ಮನ್ನ ಎಬ್ಬಿಸ್ಲಾ?"

ಬುಗುರಿ ತುಟಿಯ ಮೇಲೆ ಬೆರಳಿಟ್ಟಳು. ಸೈಕಲ್ಲು ಸದ್ದಿಲ್ಲದೆ ಇಳಿದುಹೋಯಿತು.

ಮರದ ನೆರಳು ಸರಿಯಿತು. ಬಿಸಿಲು ಅಮ್ಮನ ಕೈ ಮೇಲೆ ಬೀಳತೊಡಗಿತು. ಬುಗುರಿ ಅಡ್ಡಲಾಗಿ ಬಂದು ನಿಂತು ತನ್ನ ನೆರಳು ಕೊಟ್ಟಳು. ಬಿಸಿಲು ಸರಿದಂತೆ ತಾನೂ ಸರಿದಳು.

ಅಮ್ಮ ಗಡಬಡಿಸಿ ಎದ್ದಾಗ ಮಧ್ಯಾಹ್ನವಾಗಿತ್ತು. "ಅಯ್ಯೋ, ಎಬ್ಬಿಸೋದಲ್ವೇನೇ! ಸಂಜೆ ಪಾಳಿಗೆ ಹೊತ್ತಾಯ್ತು. ಇನ್ನೂ ನಾಲ್ಕು ತಿರುವು ಉಳೀತಲ್ಲೇ!"

"ಇಳಿಯೋವಾಗ ಮೂರು ಬರುತ್ತಲ್ಲ" ಅಂದಳು ಬುಗುರಿ. "ಹತ್ತಿದ್ದು ಮೂರು, ಇಳಿಯೋದು ಮೂರು. ಏಳರಲ್ಲಿ ಒಂದೇ ಬಾಕಿ."

ಅಮ್ಮ ಅವಳ ಮುಖವನ್ನೇ ನೋಡಿದಳು. "ಅದನ್ನ ಯಾವಾಗ ತೀರಿಸ್ಲಿ?"

"ಅವಸರ ಇಲ್ಲ" ಅಂದಳು ಬುಗುರಿ. ಆಮೇಲೆ ತುದಿಗಾಲಲ್ಲಿ ನಿಂತು, ಸಡಿಲವಾಗಿದ್ದ ಅಮ್ಮನ ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲದ ಕೆಳಗೆ ಎಳೆದು ಬಿಗಿದಳು.